ಖಂಡನೆಗೆ ಕೊಟ್ಟ ಎರಡು ನಿಮಿಷ

ನನ್ನ ತಂಗಿ ಮೂರು ವರ್ಷದಿಂದ ಹಚ್ಚಿಕೊಂಡಿದ್ದ ಗಾಯಕಿಯೊಬ್ಬಳು ಕೊರಿಯಾದಲ್ಲಿ ತೀರಿಕೊಂಡಾಗ, ನಮ್ಮ ಮನೆಯಲ್ಲಿ ಆಕೆಯ ಹೆಸರನ್ನು ಸರಿಯಾಗಿ ಹೇಳಬಲ್ಲವಳು ತಂಗಿ ಒಬ್ಬಳೇ. ಅಮ್ಮನಿಗೆ ಆಕೆ ‘ಆ ಬೆಳ್ಳಿ ಕೂದಲ ಹುಡುಗಿ’. ಅಪ್ಪನಿಗೆ ಬೀರುವಿನ ಬಾಗಿಲಿಗೆ ಅಂಟಿಸಿದ್ದ ಏಳು ಮುಖಗಳಲ್ಲಿ ಒಂದು. ಹೇಗೆ ತೀರಿಕೊಂಡಳು ಎಂಬುದನ್ನು ನಾನು ಬರೆಯುವುದಿಲ್ಲ. ಆಕೆಯನ್ನು ಹಾಡಿಸುತ್ತಿದ್ದ ಕಂಪನಿಯೂ ಹೇಳಲಿಲ್ಲ. ಅದು ಹೊರಡಿಸಿದ ನಾಲ್ಕು ಸಾಲಿನ ಹೇಳಿಕೆಯಲ್ಲಿ ತೀವ್ರ ದುಃಖವಿತ್ತು, ಊಹಾಪೋಹ ಬೇಡವೆಂಬ ಮನವಿಯಿತ್ತು. ಆಕೆ ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡುತ್ತಿದ್ದಳು, ಎಷ್ಟು ಹೊತ್ತು ನಿದ್ದೆ ಮಾಡುತ್ತಿದ್ದಳು ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ತಂಗಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದ ಅಮ್ಮ, “ನಿಮ್ಮಜ್ಜಿ ಸತ್ತಾಗ್ಲೂ ಇವ್ಳು ಇಷ್ಟು ಅಳ್ಲಿಲ್ವಲ್ಲೇ,” ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ನಕ್ಕೆ. ಕೊರಿಯಾದ ಆ ಸಂಗೀತದ ಮೇಲೆ ನನಗೆ ವಿಶೇಷ ದ್ವೇಷವೇನೂ ಇರಲಿಲ್ಲ. ಅದನ್ನು ಇಷ್ಟಪಡುವವರನ್ನು ವಾದದಲ್ಲಿ ಸೋಲಿಸುವುದು ಮಾತ್ರ ಬಹಳ ಇಷ್ಟವಿತ್ತು.

ನಾನು ಕಾನೂನು ಓದುತ್ತಿದ್ದೇನೆ. ಓದುತ್ತಿದ್ದೇನೆ ಎನ್ನುವುದಕ್ಕಿಂತ ಚರ್ಚಾ ಸ್ಪರ್ಧೆಗಳಿಗೆ ಹೋಗುತ್ತಿದ್ದೇನೆ ಎಂದರೆ ಸರಿಯಾದೀತು. ಹೈಸ್ಕೂಲಿನಿಂದಲೂ ಅಷ್ಟೇ. ದೇವರು, ಜಾತಕ, ಹೋಮಿಯೋಪತಿ, ನೆಂಟರು ಫಾರ್ವರ್ಡ್ ಮಾಡುವ ಆರೋಗ್ಯದ ಸಲಹೆಗಳು, ಎಲ್ಲಕ್ಕೂ ನನ್ನ ಬಳಿ ಮೂರು ಪಾಯಿಂಟು ಇರುತ್ತಿತ್ತು. ಮದುವೆ ಕರೆಯೋಲೆಗಳ ಖಾಲಿ ಬೆನ್ನನ್ನು ಕತ್ತರಿಸಿ ಇಸ್ಪೀಟೆಲೆಯ ಹಾಗೆ ಜೋಡಿಸಿಟ್ಟುಕೊಂಡು, ಒಂದೊಂದರ ಮೇಲೆ ಒಂದೊಂದು ವಾದ ಬರೆಯುತ್ತಿದ್ದೆ. ಎದುರು ಕೂತು ಖಂಡಿಸುವುದಕ್ಕೆ ತಂಗಿ. ಎಂಟನೇ ಕ್ಲಾಸಿನಿಂದ ಅವಳು ನನ್ನ ಖಾಯಂ ವಿರೋಧ ಪಕ್ಷ. ಮರಣದಂಡನೆ ಇರಬೇಕೆಂದು ನಾನು ಹೇಳಿದರೆ ಬೇಡವೆಂದು ಹೇಳಬೇಕು, ನಾನು ಪಕ್ಷ ಬದಲಿಸಿದರೆ ಅವಳೂ ಬದಲಿಸಬೇಕು. “ನಿಂಗೆ ನಿಜ್ವಾಗ್ಲೂ ಏನನ್ಸುತ್ತೆ ಅಂತ ನಂಗೆ ಒಂದ್ಸಲನೂ ಗೊತ್ತಾಗಿಲ್ಲ ಕಣೇ ಅಕ್ಕ,” ಎಂದು ಒಮ್ಮೆ ಹೇಳಿದ್ದಳು. ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಆಕೆ ಸತ್ತು ಮೂರು ವಾರಕ್ಕೆ ಅಂತರಕಾಲೇಜು ಸ್ಪರ್ಧೆಯ ವಿಷಯ ಪ್ರಕಟವಾಯಿತು. ಈ ಸಭೆಯ ಅಭಿಪ್ರಾಯದಲ್ಲಿ, ಕಲಾವಿದರ ಮಾನಸಿಕ ಆರೋಗ್ಯಕ್ಕೆ ಅವರನ್ನು ದುಡಿಸಿಕೊಳ್ಳುವ ಮನರಂಜನಾ ಕಂಪನಿಯೇ ಹೊಣೆ. ಸುದ್ದಿ ಬಿಸಿ ಇದ್ದಾಗಲೇ ಯಾರೋ ಮೇಷ್ಟರು ಆರಿಸಿದ್ದರು. ನೋಟಿಸು ಓದಿ ನಾನು ಮನೆಗೆ ಓಡಿದೆ. ಉಳಿದವರೆಲ್ಲ ಗೂಗಲ್‌ನಲ್ಲಿ ತಡಕಾಡಬೇಕಾದ ಸರಕು ನನ್ನ ತಂಗಿಯ ತಲೆಯಲ್ಲಿತ್ತು.

ಅವಳು ನಿಜಕ್ಕೂ ಎದ್ದು ಕೂತಳು. ಮೂರು ವಾರದಲ್ಲಿ ಮೊದಲ ಸಲ ಅವಳ ದನಿ ಗಟ್ಟಿಯಾಯಿತು. ಹನ್ನೆರಡು ಹದಿಮೂರು ವರ್ಷದ ಮಕ್ಕಳನ್ನು ತರಬೇತಿಗೆ ತೆಗೆದುಕೊಳ್ಳುವುದು, ಒಂದೇ ಕೋಣೆಯಲ್ಲಿ ಎಲ್ಲರನ್ನೂ ಇಡುವುದು, ವಾರವಾರ ತೂಕ ನೋಡುವುದು, ಫೋನು ಕಿತ್ತಿಟ್ಟುಕೊಳ್ಳುವುದು, ಯಾರನ್ನಾದರೂ ಪ್ರೀತಿಸಿದ್ದು ಗೊತ್ತಾದರೆ ಕೈಯಲ್ಲಿ ಬರೆದ ಕ್ಷಮಾಪಣೆ ಕೊಡಿಸುವುದು. ತನಗೆ ಗೊತ್ತಿರುವುದೆಲ್ಲ ಹೇಳಿದಳು. “ಕೆಲವು ಕಂಪನಿಗಳು ಈಗ ಡಾಕ್ಟ್ರನ್ನ ಇಟ್ಟಿವೆಯಂತೆ. ಆದ್ರೆ ಸಂಬ್ಳ ಕೊಡೋರ ಡಾಕ್ಟ್ರ ಹತ್ರ ಹೋಗಿ ನಂಗೆ ಸುಸ್ತಾಗಿದೆ ಅಂತ ಯಾರು ಹೇಳ್ತಾರೆ? ನಮ್ ಅಪ್ಪ ಹೇಳ್ತಾರಾ?” ಎಂದಳು. ಒಳ್ಳೆಯ ಪಾಯಿಂಟು. ಬರೆದುಕೊಂಡೆ.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಮಹಡಿ ಮೇಲೆ ಬಟ್ಟೆ ತೆಗೆಯುತ್ತಿದ್ದೆವು. ನಾವಿರುವ ಮೇಟಗಳ್ಳಿಯಲ್ಲಿ ಬಟ್ಟೆ ಒಣಗಿದ ಕೂಡಲೇ ತೆಗೆಯಬೇಕು, ಕಾರ್ಖಾನೆಗಳ ಕಡೆಯಿಂದ ಮಸಿ ಬರುತ್ತದೆ. ತಂಗಿ ಒಂದು ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಳು.

“ಒಂದು ಹೇಳ್ತೀನಿ. ನಗಬಾರ್ದು.”

“ನಗಲ್ಲ, ಹೇಳು.”

“ಆಣೆ?”

“ಏ, ಹೇಳೇ ಸಾಕು.”

ಅಭಿಮಾನಿಗಳಿಗೆಂದು ಆ ಕಂಪನಿ ಒಂದು ಆ್ಯಪ್ ನಡೆಸುತ್ತದೆ. ತಿಂಗಳ ಚಂದಾ ಕಟ್ಟಿದರೆ ಗಾಯಕಿಯ ಮೆಸೇಜು ನಿಮ್ಮ ಹೆಸರು ಹಿಡಿದು ಕರೆದು ನಿಮಗೊಬ್ಬರಿಗೇ ಬರೆದ ಹಾಗೆ ಬರುತ್ತದೆ. ನೀವೂ ಉತ್ತರ ಬರೆಯಬಹುದು. ಸಾಯುವುದಕ್ಕೆ ಸ್ವಲ್ಪ ಮುಂಚೆ ಒಮ್ಮೆ ಆಕೆ ಸತತ ಹತ್ತು ದಿನ ಏನೂ ಬರೆದಿರಲಿಲ್ಲ. ಹತ್ತನೆಯ ದಿನ ನನ್ನ ತಂಗಿ ಬರೆದಿದ್ದಳು: ನಮ್ಮನ್ನು ಮರೆತುಬಿಟ್ಟಿರಾ? ಹೋದ ಲೈವ್‌ನಲ್ಲೂ ನೀವು ನಗಲೇ ಇಲ್ಲ. ನೀವು ನಗದಿದ್ದರೆ ನಮ್ಮ ದಿನವೇ ಹಾಳು. ಮರುದಿನ ಆಕೆ ಲೈವ್ ಬಂದಳು. ಒಂದು ಗಂಟೆ ನಗುತ್ತಲೇ ಇದ್ದಳು. ಆಮೇಲೆ ಬದುಕಿದ್ದು ಒಂದೇ ವಾರ.

“ನಾನ್ ಕೇಳಿದ್ದಕ್ಕೇ ಬಂದ್ಳೇನೋ ಅಕ್ಕ. ಮಲ್ಕೊಂಡಿರೋಳ್ನ ಎಬ್ಬಿಸ್ಬುಟ್ನೇನೋ.”

“ಹುಚ್ಚಿ. ಅಷ್ಟೊಂದು ಜನ ಬರೆದಿರ್ತಾರೆ, ಅದ್ರಲ್ಲಿ ಮೇಟಗಳ್ಳಿಯಿಂದ ಬಂದಿದ್ನೇ ಹುಡುಕಿ ಓದ್ತಾಳಾ?”

ಅವಳು ನಕ್ಕಳು, ಕಣ್ಣೊರೆಸಿಕೊಂಡಳು, ಬೆಡ್‌ಶೀಟ್ ಮಡಚಿದೆವು. ಸಮಾಧಾನ ಹೇಳಿದ ನನ್ನ ಬಾಯಿಗೂ ಅದೇ ಹೊತ್ತಿನಲ್ಲಿ ಲೆಕ್ಕಾಚಾರ ನಡೆಸುತ್ತಿದ್ದ ತಲೆಗೂ ಸಂಬಂಧವಿರಲಿಲ್ಲ. ಚರ್ಚೆಗೆ ಪಳಗಿದವರಿಗೆ ಇದೊಂದು ಚಾಳಿ. ಎದುರಿಗಿರುವವರು ಏನು ಹೇಳಿದರೂ ಅದು ಯಾವ ಪಕ್ಷಕ್ಕೆ ಉಪಯೋಗ ಎಂದು ಒಳಗೊಬ್ಬರು ವಿಂಗಡಿಸುತ್ತಲೇ ಇರುತ್ತಾರೆ. ಈ ಮಾತು ‘ವಿರೋಧ’ದ ಕಡೆ ಹೋಗಿ ಬಿತ್ತು. ನನಗೆ ಅದು ಗೊತ್ತೂ ಆಯಿತು.

ಆ ಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಅರ್ಧ ಗಂಟೆ ಮುಂಚೆ ಚೀಟಿ ಎತ್ತಿ ನಿರ್ಧರಿಸುತ್ತಾರೆ. ತಂಗಿ ತನ್ನ ಕಾಲೇಜಿಗೆ ಚಕ್ಕರ್ ಹಾಕಿ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಅವಳ ಬ್ಯಾಗಿನ ತುಂಬ ಆ ತಂಡದ ಬ್ಯಾಡ್ಜುಗಳು. ನನ್ನ ಚೀಟಿಯಲ್ಲಿ ‘ವಿರೋಧ’ ಬಂತು. ದೂರದಿಂದ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು. ಇದೆಲ್ಲ ಅವಳಿಗೆ ಹೊಸದಲ್ಲ.

ಮೊದಲ ಸುತ್ತು ಸಪ್ಪೆಯಾಗಿ ಹೋಯಿತು. ಕಂಪನಿ ಕೆಲಸ ಕೊಡುತ್ತದೆ, ಮನಸ್ಸು ಅವರವರದು, ಕರಾರಿಗೆ ಸಹಿ ಹಾಕುವಾಗ ಗೊತ್ತಿತ್ತಲ್ಲವೇ ಎಂದೆಲ್ಲ ಹೇಳಿದೆ. ನನಗೇ ನಂಬಿಕೆ ಹುಟ್ಟುವಂತಿರಲಿಲ್ಲ. ಪರ ವಹಿಸಿದ ಹುಡುಗನೊಬ್ಬ ಹನ್ನೆರಡು ವರ್ಷದ ಮಗುವಿನ ಸಹಿಯನ್ನು ಸಹಿ ಎನ್ನುತ್ತೀರಾ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದ. ಸೋಲುತ್ತಿದ್ದೆ. ಕೊನೆಗೆ ಖಂಡನೆಗೆಂದು ಎರಡು ನಿಮಿಷ ಕೊಡುತ್ತಾರೆ. ಎದ್ದು ನಿಂತಾಗ ನನ್ನ ಕೈಯಲ್ಲಿದ್ದ ಕಾರ್ಡುಗಳಲ್ಲಿ ಉಪಯೋಗಕ್ಕೆ ಬರುವಂಥದ್ದು ಒಂದೂ ಇರಲಿಲ್ಲ. ಆಗ ಹೇಳಿದೆ:

“ಮಾನ್ಯ ತೀರ್ಪುಗಾರರೇ, ಆ ಹುಡುಗಿಯ ಬಾಗಿಲು ಬಡಿದವರು ಯಾರು? ಹತ್ತು ದಿನ ಸುಮ್ಮನೆ ಮಲಗಿದ್ದವಳನ್ನು, ನೀನು ನಗದಿದ್ದರೆ ನಮ್ಮ ದಿನ ಹಾಳು ಎಂದು ಎಬ್ಬಿಸಿದ್ದು ಕಂಪನಿಯಲ್ಲ, ಅಭಿಮಾನಿ. ಹಾಗೆ ಬರೆದವಳು ನನ್ನ ಮನೆಯಲ್ಲೇ ಇದ್ದಾಳೆ. ಒಂದೇ ತಟ್ಟೆಯಲ್ಲಿ ಉಣ್ಣುತ್ತೇವೆ. ಕಂಪನಿಗೆ ಬೆರಳು ತೋರಿಸುವ ಮುನ್ನ ನಮ್ಮ ಬೆರಳು ಏನು ಟೈಪ್ ಮಾಡಿತು ಎಂದು ನೋಡಿಕೊಳ್ಳೋಣ.”

ಸಭಾಂಗಣದಲ್ಲಿ ಚಪ್ಪಾಳೆ ಸಿಡಿಯಿತು. ಮೂರನೆಯ ಸಾಲಿನ ಸುತ್ತಮುತ್ತಲಿನವರು ಬ್ಯಾಡ್ಜಿನ ಬ್ಯಾಗನ್ನೂ ಅದನ್ನು ಎದೆಗವಚಿ ಕೂತವಳನ್ನೂ ತಿರುಗಿ ನೋಡಿದರು. ನಾನು ನೋಡಲಿಲ್ಲ. ತೀರ್ಪುಗಾರರ ಪೆನ್ನು ನೋಡುತ್ತಿದ್ದೆ.

ಪರ್ಯಾಯ ಪಾರಿತೋಷಕ ನಮ್ಮ ಕಾಲೇಜಿಗೆ ಬಂತು. ತಂಗಿ ಅಷ್ಟರಲ್ಲಿ ಹೊರಟುಹೋಗಿದ್ದಳು. ದೇವರಾಜ ಮೊಹಲ್ಲಾದ ಹತ್ತಿರ ಬಸ್ಸು ಹತ್ತಿ, ಆ ಮರದ ಶೀಲ್ಡನ್ನು ತೊಡೆ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ, “ನಿಂಗೆ ಫ್ರೀ ಕಣಮ್ಮ, ಇದುಕ್ಕೆ ಲಗೇಜ್ ಹಾಕ್ಲಾ?” ಎಂದು ತಮಾಷೆ ಮಾಡಿದರು. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಮನೆ ಮುಟ್ಟುವವರೆಗೂ ನಾನು ಮಾಡಿದ್ದೇನೆಂದು ನನಗೆ ಅರ್ಥವಾಗಿರಲಿಲ್ಲ.

ಅವಳು ಕೂಗಾಡಿದ್ದರೆ ಗೆಲ್ಲುತ್ತಿದ್ದೆ. ಕೂಗಾಡಲಿಲ್ಲ. ಬೀರುವಿನ ಚಿತ್ರಗಳನ್ನು ಹರಿಯಲಿಲ್ಲ. ಆ ಆ್ಯಪ್ ತೆರೆದು ತಾನು ಬರೆದದ್ದನ್ನೆಲ್ಲ ಮೊದಲಿನಿಂದ ಓದುತ್ತ ಕೂತಳು. ಇಂಥದ್ದನ್ನು ಎಷ್ಟು ಸಲ ಬರೆದಿದ್ದೇನೆ ಎಂದು ಹುಡುಕುತ್ತಿದ್ದಳು. ಊಟಕ್ಕೆ ಕರೆದರೆ ಬಂದು ಎರಡು ತುತ್ತು ತಿಂದು ಏಳುತ್ತಿದ್ದಳು. ಉದಯಗಿರಿಯಲ್ಲಿದ್ದ ಗೆಳತಿಯ ಮನೆಗೆ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋಗುವುದು ನಿಂತಿತು. ನಿದ್ದೆ ಮಾಡುತ್ತಿರಲಿಲ್ಲ ಎಂಬುದು ಪಕ್ಕದಲ್ಲೇ ಮಲಗುವ ನನಗೆ ಗೊತ್ತಾಗುತ್ತಿತ್ತು.

ನಾಲ್ಕನೆಯ ದಿನ ಅವಳ ಮುಂದೆ ಕೂತೆ. ನನಗೆ ಬರುವುದು ಒಂದೇ ವಿದ್ಯೆ, ಅದನ್ನೇ ಮಾಡಿದೆ. ಒಂದು ಮೆಸೇಜಿನಿಂದ ಯಾರೂ ಸಾಯುವುದಿಲ್ಲ, ವರ್ಷಗಟ್ಟಲೆ ಏನೋ ನಡೆದಿರುತ್ತದೆ. ನೀನು ಬರೆದದ್ದನ್ನು ಆಕೆ ಓದಿದ್ದಕ್ಕೆ ಪುರಾವೆಯಿಲ್ಲ. ಲೈವ್‌ಗೆ ದಿನ ಗೊತ್ತುಮಾಡುವುದು ಮ್ಯಾನೇಜರು ಎಂದು ನೀನೇ ಹೇಳಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಚೀಟೀಲಿ ಪರ ಬಂದಿದ್ರೆ ಇದ್ನೇ ಹೇಳಿರ್ತಿದ್ದೆ, ಅಷ್ಟೇ ತಾನೇ?”

“ಇಲ್ವೇ, ಇದು ನಿಜ.”

“ಅವತ್ತೂ ನಿಜ ಹೇಳ್ದಂಗೇ ಇತ್ತು.”

ಅವಳಿಗೆ ಈಗ ಬೇಕಾಗಿದ್ದುದು ನಂಬುವುದಕ್ಕೆ ಒಬ್ಬರು. ಎರಡೂ ಕಡೆ ಒಂದೇ ದನಿಯಲ್ಲಿ ಮಾತಾಡುವುದನ್ನು ಅವಳೆದುರೇ ಕೂತು ಆರು ವರ್ಷ ಅಭ್ಯಾಸ ಮಾಡಿದ ನಾನು ಆ ಒಬ್ಬಳಾಗಲಾರೆ.

ಭಾನುವಾರ ಊಟದ ಹೊತ್ತಿಗೆ ಅಮ್ಮ ತಡೆಯಲಾರದೆ, ತಂಗಿಯಿಂದ ತಿಳಿದದ್ದನ್ನೆಲ್ಲ ಅಪ್ಪನಿಗೆ ಹೇಳಿದಳು. “ನಿಮ್ ದೊಡ್ ಮಗ್ಳು ಕಪ್ಪು ತಂದ್ಳಲ್ಲ, ಅದೇನ್ ಹೇಳಿ ತಂದ್ಳು ಕೇಳಿ,” ಎಂದಳು. ಅಪ್ಪ ಇಪ್ಪತ್ತು ವರ್ಷದಿಂದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ. ಅವರು ನನ್ನನ್ನು ಏನೂ ಕೇಳಲಿಲ್ಲ. ತಂಗಿಯ ಕಡೆ ತಿರುಗಿದರು.

“ಆ ಮಗೀಗೆ ಡ್ಯೂಟಿ ಯಾರವ್ವ ಹಾಕ್ತಿದ್ದುದು?”

“ಕಂಪನಿ.”

“ಊಟ?”

“ಅದೂ ಕಂಪನೀನೇ. ತೂಕ ನೋಡ್ಕೊಂಡು.”

“ನೀನ್ ಬರ್ದಿದ್ದು ಅವ್ಳಿಗೆ ಎಂಗೆ ಓಯ್ತಿತ್ತು?”

“ಕಂಪನಿ ಆ್ಯಪಲ್ಲಿ.”

ಅಪ್ಪ ಅನ್ನ ಕಲಸುತ್ತ ಮುಂದುವರಿದರು. “ನಮ್ಮಲ್ಲಿ ಪ್ರೆಸ್ ಮೆಷಿನ್ ಐತೆ. ಕೈ ಸಿಕ್ಕಾಕೊಳ್ದಂಗೆ ಒಂದು ಗಾರ್ಡ್ ಇರ್ತದೆ. ಗಾರ್ಡ್ ಇದ್ರೆ ಕೆಲ್ಸ ನಿಧಾನ ಅಂತ ತೆಗ್ಸಿಬುಟ್ಟಿದ್ರು. ಒಬ್ನು ತಗಡಿನ ಶೀಟ್ ಇಡ್ತಿದ್ದ, ಇನ್ನೊಬ್ನು ಪೆಡಲ್ ತುಳೀತಿದ್ದ. ಒಂದಿನ ಕೈ ಒಳಗಿರ್ವಾಗ್ಲೇ ತುಳ್ದ. ತುಳ್ದೋನ್ದೇ ತಪ್ಪು ಅಂತ ಬರೆದ್ರು. ಸಾಕ್ಷಿಗೆ ನಾನು ಸೈನ್ ಹಾಕ್ದೆ.”

ಈ ಕತೆ ನಾವು ಯಾರೂ ಕೇಳಿರಲಿಲ್ಲ. ಅಮ್ಮನ ಮುಖ ನೋಡಿದರೆ ಅವಳೂ ಕೇಳಿರಲಿಲ್ಲ.

“ಗಾರ್ಡ್ ತೆಗ್ಸಿದ್ದು ಯಾರು ಅಂತ ನಂಗೆ ಗೊತ್ತಿತ್ತು ಕಣಮ್ಮ. ಆದ್ರೂ ಹಾಕ್ಬುಟ್ಟೆ.”

ತಂಗಿ ತಟ್ಟೆ ನೋಡುತ್ತಲೇ ಕೇಳಿದಳು: “ಆದ್ರೂ ಪೆಡಲ್ ತುಳಿದಿದ್ದು ನಾನೇ ಅಲ್ವಾ ಅಪ್ಪ?”

“ತುಳ್ದೆ. ತುಳೀಲಿ ಅಂತ್ಲೇ ಅದ್ನ ನಿನ್ ಕಾಲಡೀಲಿ ಇಟ್ಟಿದ್ರು.”

ಅವಳು ಎಡಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಎದ್ದು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅಪ್ಪ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ನನ್ನ ಎರಡು ನಿಮಿಷದ ಭಾಷಣವೂ ಅಂಥದ್ದೇ ಒಂದು ಸೈನು ಎಂದು ಅವರು ಹೇಳಲಿಲ್ಲ. ನನಗೆ ಅದನ್ನು ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಮರುವಾರ ಅವಳ ಕಾಲೇಜಿನ ಆಪ್ತಸಮಾಲೋಚಕಿಯನ್ನು ನೋಡುವುದೆಂದಾಯಿತು. ನಾನೂ ಬರುತ್ತೇನೆ ಎಂದೆ. “ಬೇಡ, ಅಮ್ಮ ಬರ್ಲಿ,” ಎಂದಳು. ಅಮ್ಮ ಹೊಲಿಗೆ ಬಿಟ್ಟು ವಾರವಾರವೂ ಹೋದಳು. ನಿದ್ದೆ ಬರತೊಡಗಿತು, ಊಟ ಸೇರಿತು, ಎರಡು ತಿಂಗಳ ಮೇಲೆ ಡ್ಯಾನ್ಸೂ ಶುರುವಾಯಿತು. ಆ್ಯಪಿನ ಚಂದಾ ನಿಲ್ಲಿಸಿದ್ದಾಳೆ. ಕಂಪನಿ ಆಕೆಯ ಹಳೆಯ ಹಾಡುಗಳನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದೆ. ಉಳಿದ ಆರು ಮಂದಿ ಮುಂದಿನ ಪ್ರವಾಸ ಹೊರಟಿದ್ದಾರೆ, ನಗುತ್ತಲೇ ಇದ್ದಾರೆ.

ನನ್ನ ಜೊತೆ ತಂಗಿ ಮಾತಾಡುತ್ತಾಳೆ. ಉಪ್ಪಿನ ಡಬ್ಬಿ ಎಲ್ಲಿದೆ, ಬಸ್ಸು ಎಷ್ಟು ಹೊತ್ತಿಗೆ, ನಿನ್ನ ದುಪಟ್ಟಾ ಹಾಕಿಕೊಳ್ಳಲಾ. ಅದಕ್ಕಿಂತ ಒಂದು ಕೂದಲೆಳೆ ಒಳಗಿನ ವಿಷಯವಾದರೆ ಮೊದಲು, “ಇದ್ನ ಎಲ್ಲೂ ಹೇಳಲ್ಲ ತಾನೇ?” ಎಂದು ಕೇಳುತ್ತಾಳೆ. ಹೇಳುವುದಿಲ್ಲ ಎಂದರೂ ಅರ್ಧಕ್ಕೇ ನಿಲ್ಲಿಸುತ್ತಾಳೆ. ನಾನು ಸ್ಪರ್ಧೆಗಳಿಗೆ ಹೋಗುವುದನ್ನು ಬಿಟ್ಟಿಲ್ಲ, ಬಿಟ್ಟೆ ಎಂದರೆ ಚೆನ್ನಾಗಿರುತ್ತಿತ್ತು. ಆದರೆ ಎದುರು ಕೂರುವುದಕ್ಕೆ ಯಾರೂ ಇಲ್ಲ. ಗೋಡೆಗೆ ಹೇಳಿಕೊಳ್ಳುತ್ತೇನೆ.

ಇದನ್ನು ಬರೆಯಬಹುದೇ ಎಂದು ಅವಳನ್ನು ಕೇಳಿದೆ.

“ಪೂರ್ತಿ ಬರ್ದು ನಂಗೆ ಕೊಡು. ಫೋನಲ್ಲಿ ಬೇಡ, ಪ್ರಿಂಟ್ ತೆಗ್ಸು.”

ಅಮ್ಮನ ಕೆಂಪು ಪೆನ್ಸಿಲ್ ಹಿಡಿದು ಓದಿದಳು. ತಾನು ಬರೆದ ಮೆಸೇಜನ್ನು ಹಾಗೇ ಇರಲು ಬಿಟ್ಟಳು. ಅಪ್ಪನ ಮಾತಿನಲ್ಲಿ ಒಂದು ಪದ ತಿದ್ದಿದಳು. ಆ ಗಾಯಕಿಯಿಂದ ಕೊನೆಯ ವಾರ ಆ್ಯಪಿನಲ್ಲಿ ಎಲ್ಲರಿಗೂ ಬಂದ ಹಾಗೆ ಅವಳ ಹೆಸರಿಗೂ ಬಂದಿದ್ದ ಮೆಸೇಜನ್ನು ನಾನು ನಾಲ್ಕು ಸಾಲಿನಲ್ಲಿ ಬರೆದಿದ್ದೆ. ಅದರ ಮೇಲೆ ಅಡ್ಡಗೆರೆ ಎಳೆದಳು.

“ಇದು ಬೇಡ.”

“ಅದಿದ್ರೆ ಓದೋರ್ಗೆ...”

“ಗೊತ್ತು. ಅದಕ್ಕೇ ಬೇಡ. ಅದು ನಂದು.”

ಲ್ಯಾಪ್‌ಟಾಪ್ ತೆರೆದು ಅಳಿಸಿದೆ.

“ತೆಗ್ದಾ?”

“ತೆಗ್ದೆ.”

“ತೋರ್ಸು,” ಎಂದಳು.

ತಿರುಗಿಸಿ ಹಿಡಿದೆ. ಅವಳು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲು ನೋಡಿದಳು.