ಕಡಲೆಕಾಳಿನಷ್ಟು ಲೇಹ್ಯ

ಕರೆಂಟು ಹೋದರೆ ಲೋಕದ ಜನರೆಲ್ಲ ಫ್ಯಾನಿಲ್ಲದೆ ಏಳುತ್ತಾರೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯವರು ಗದ್ದಲವಿಲ್ಲದೆ ಏಳುತ್ತಿದ್ದರು. ಮನೆಗೆ ಎರಡೋ ನಾಲ್ಕೋ ಪವರ್‌ಲೂಮುಗಳನ್ನು ಕೂರಿಸಿಕೊಂಡು, ಹಗಲು ಪಾಳಿ ರಾತ್ರಿ ಪಾಳಿ ಎಂಬ ಭೇದವಿಲ್ಲದೆ ಸೀರೆ ನೇಯುತ್ತಿದ್ದ ಆ ಬೀದಿಯಲ್ಲಿ, ಲಾಳಿಯ ಬಡಿತವನ್ನೇ ಜೋಗುಳವಾಗಿ ಕೇಳಿ ಬೆಳೆದ ನಮಗೆ, ನಿಶ್ಶಬ್ದವೆಂಬುದು ಮನೆಗೆ ಯಾರೋ ನುಗ್ಗಿದಷ್ಟು ಗಾಬರಿಯ ಸಂಗತಿಯಾಗಿತ್ತು. ಮಗ್ಗಗಳು ನಿಂತ ತಕ್ಷಣ ಇಡೀ ಬೀದಿ ಧಡಕ್ಕನೆ ಎದ್ದು ಜಗಲಿಗೆ ಬಂದು ಕೂರುತ್ತಿತ್ತು. "ಏನಪ್ಪಾ, ನಿಮ್ಮಲ್ಲೂ ಹೋಯ್ತಾ?" ಎಂದು ಒಂದೇ ತಂತಿಯ ಕರೆಂಟಿನವರು ಪರಸ್ಪರ ವಿಚಾರಿಸಿಕೊಳ್ಳುತ್ತಿದ್ದರು. ಹೇಗೂ ಎದ್ದಾಗಿದೆಯಲ್ಲ ಎಂದು ಒಂದು ಸುತ್ತು ಕಾಫಿಯಾಗುತ್ತಿತ್ತು. ಕರೆಂಟು ಬಂದು ಮಗ್ಗಗಳು ಮತ್ತೆ ಬಡಿದಾಡತೊಡಗಿದ ಮೇಲೆ, ಸದ್ಯ ಎಂದುಕೊಂಡು ಎಲ್ಲರೂ ಒಳಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಿದ್ದರು.

ಈ ನಿದ್ರಾಸಂಪ್ರದಾಯದಲ್ಲಿ ನನ್ನದು ಬಹಳ ಮೇಲಿನ ಸ್ಥಾನ. ಓದಿ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ, ಕುಲಕಸುಬಿನಿಂದ ಪಾರಾದೆನಾದರೂ, ಅಣ್ಣನ ಮಗ್ಗದ ಮನೆಯ ಗೋಡೆಗೆ ತಲೆಯಿಟ್ಟು ಮಲಗುವ ಭಾಗ್ಯವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ದಿಂಬಿಗೆ ತಲೆ ತಾಗುವುದಕ್ಕೂ ಗೊರಕೆ ಹೊರಡುವುದಕ್ಕೂ ನಡುವಿನ ಅಂತರವನ್ನು ಅಳೆಯಲು ಗಣಿತಶಾಸ್ತ್ರದಲ್ಲಿ ಮಾನವೇ ಇಲ್ಲ ಎಂದು ನಾನೇ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಮನುಷ್ಯನಿಗೆ ತನ್ನ ಸಾಧನೆಯೇನೂ ಇಲ್ಲದ ವಿಷಯದಲ್ಲೇ ಹೆಮ್ಮೆ ಹೆಚ್ಚು, ನೀವೂ ಗಮನಿಸಿರಬಹುದು.

ನನ್ನ ಹೆಂಡತಿ ಸುಶೀಲ ಸೂಲಿಬೆಲೆ ಕಡೆಯ ಹಳ್ಳಿಯವಳು. ನಮ್ಮ ಜನವೇ ಆದರೂ ಅವಳ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹಸು ಕಟ್ಟಿದವರು. ಅವರ ಮನೆಯಲ್ಲಿ ಅತ್ಯಂತ ದೊಡ್ಡ ಸದ್ದೆಂದರೆ ಬೆಳಗಿನ ಜಾವ ಹಾಲಿನ ಡೈರಿಯಲ್ಲಿ ಕ್ಯಾನು ಇಳಿಸುವ ಸದ್ದು. ಅಂಥ ಮನೆಯಿಂದ ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಬೀದಿಗೆ ಸೊಸೆಯಾಗಿ ಬಂದವಳ ಮೇಲೆ ನಮ್ಮಮ್ಮನಿಗಿದ್ದ ದೂರು ಒಂದೇ. ಕರೆಂಟು ಹೋಗಿ ಮನೆಮಂದಿಯೆಲ್ಲ ಎದ್ದು ಕೂತರೂ ಈ ಹುಡುಗಿ ಏಳುವುದಿಲ್ಲ. "ಏನೋ ಇದು, ಕುಂಭಕರ್ಣನ ತಂಗೀನ ತಂದಿದ್ದೀಯಲ್ಲೋ? ಎಬ್ಬಿಸೋ, ಕಾಫಿಗಿಡ್ಲಿ" ಎಂದು ಅಮ್ಮ ಕೂಗುವುದು, ನಾನು ಒಳಗೆ ಹೋಗಿ ಭುಜ ಹಿಡಿದು ಅಲುಗಾಡಿಸುವುದು, ಅವಳು ಮಾತಿಲ್ಲದೆ ಎದ್ದು ಸ್ಟೌ ಹಚ್ಚುವುದು, ಇದು ಹನ್ನೊಂದು ವರ್ಷ ನಡೆದ ಪದ್ಧತಿ. ಇಂಥ ಗಾಢನಿದ್ರೆಯ ಹೆಂಡತಿ ಸಿಕ್ಕಿದ್ದು ನನ್ನ ಯೋಗ್ಯತೆಗೆ ತಕ್ಕದ್ದೇ ಎಂದು ನಾನು ಭಾವಿಸಿದ್ದೆ.

ಆ ಹನ್ನೊಂದು ವರ್ಷವೂ ಅವಳು ಕೇಳಿದ್ದು ಒಂದೇ, ಊರಾಚೆ ಒಂದು ಸಣ್ಣ ಮನೆ. ಒಡವೆ ಕೇಳಲಿಲ್ಲ, ತಿರುಪತಿ ಯಾತ್ರೆ ಕೇಳಲಿಲ್ಲ. ಕೊನೆಗೆ ತೊಂಬತ್ತರ ದಶಕ ಕಣ್ಣುಬಿಡುವ ಹೊತ್ತಿಗೆ ದೇವನಹಳ್ಳಿ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಎದ್ದಿತು. ಅಮ್ಮ ಅಣ್ಣನ ಜೊತೆ ಬೀದಿಯಲ್ಲೇ ಉಳಿದಳು, ನಾವು ಹೊರಟೆವು. ಸುತ್ತ ರಾಗಿ ಹೊಲ, ಎದುರಿಗೆ ಒಂದು ಹುಣಸೆಮರ, ಅದರಾಚೆ ಏನೂ ಇಲ್ಲ. ಆ "ಏನೂ ಇಲ್ಲ" ಎಂಬುದರ ಸದ್ದು ಎಷ್ಟು ಭೀಕರವಾದದ್ದೆಂದು ನನಗೆ ಮೊದಲ ದಿನವೇ ತಿಳಿಯಿತು.

ಮಲಗುವ ಹೊತ್ತಿಗೆ ಸರಿಯಾಗಿ ನನ್ನ ಕಣ್ಣು ತೆರೆದುಕೊಳ್ಳುತ್ತಿತ್ತು. ನಲವತ್ತು ವರ್ಷದಲ್ಲಿ ಎಂದೂ ಕೇಳಿರದ ನನ್ನ ಹೃದಯದ ಬಡಿತ ಕೇಳುತ್ತಿತ್ತು. ಅದರ ಲಯ ಕೂಡ ನಮ್ಮ ಅಣ್ಣನ ಮಗ್ಗಗಳಷ್ಟು ಶುದ್ಧವಾಗಿಲ್ಲವೆಂದು ತೋರುತ್ತಿತ್ತು. ಪಕ್ಕದಲ್ಲಿ ಸುಶೀಲ ಮಗುವಿನಂತೆ ನಿದ್ದೆ ಮಾಡುತ್ತಿದ್ದಳು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ಅವಳ ನಿದ್ದೆ ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ಚಿಕಿತ್ಸೆಗಳನ್ನು ಆರಂಭಿಸಿದೆ. ಟೇಬಲ್ ಫ್ಯಾನಿನ ರೆಕ್ಕೆಗೆ ತಾಗುವಂತೆ ರಟ್ಟಿನ ಚೂರು ಕಟ್ಟಿ ಟಕಟಕ ಎನ್ನಿಸಿದೆ. ರಟ್ಟು ಸವೆಯಿತು, ನಿದ್ದೆ ಬರಲಿಲ್ಲ. ಟೇಪ್‌ರೆಕಾರ್ಡರ್ ಹೊತ್ತು ಅಣ್ಣನ ಮನೆಗೆ ಹೋಗಿ ಮಗ್ಗದ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದೆ. ಅದು ದಿವ್ಯೌಷಧದಂತೆ ಕೆಲಸ ಮಾಡಿತು, ಆದರೆ ಅರ್ಧ ಗಂಟೆಗೆ ಒಂದು ಬದಿ ಮುಗಿದು ಕ್ಯಾಸೆಟ್ ನಿಂತಾಗ, ಕರೆಂಟು ಹೋಯಿತೆಂದು ನಾನು ಎದ್ದು ಕೂರುತ್ತಿದ್ದೆ.

"ಆ ಕ್ಯಾಸೆಟ್ ಇನ್ನೊಂದ್ಸಲ ಹಾಕಿದ್ರೆ ಬಾವಿಗೆ ಎಸೀತೀನಿ ನೋಡಿ" ಎಂದಳು ಸುಶೀಲ. ಕ್ಯಾಸೆಟ್ಟನ್ನೋ ನನ್ನನ್ನೋ ಎಂಬುದನ್ನು ಸ್ಪಷ್ಟಪಡಿಸಲಿಲ್ಲ.

ಎರಡು ತಿಂಗಳಿಗೆ ನಾನು ಸೋತೆ. ಹೊಸ ಮನೆಯನ್ನು ಬಾಡಿಗೆಗೆ ಕೊಟ್ಟು ಹಳೆಯ ಬೀದಿಗೇ ಹಿಂತಿರುಗೋಣವೆಂದೆ. ಶಾಂತ ವಾತಾವರಣವನ್ನು ಹುಡುಕುತ್ತಿದ್ದ ಒಬ್ಬ ಬ್ಯಾಂಕ್ ಅಧಿಕಾರಿಯೂ ಸಿಕ್ಕಿ, ಮನೆ ನೋಡಿ ಮೆಚ್ಚಿ, ಮುಂದಿನ ಭಾನುವಾರ ಬಂದು ಮಾತು ಮುಗಿಸುತ್ತೇನೆಂದು ಹೋದರು. ಸುಶೀಲ ಜಗಳವಾಡಲಿಲ್ಲ. "ನಿಮ್ಮಿಷ್ಟ" ಎಂದಳು. ಮರುದಿನದಿಂದ ತಾನು ನೆಟ್ಟಿದ್ದ ಕನಕಾಂಬರದ ಗಿಡಗಳಿಗೆ ನೀರು ಹಾಕುವುದನ್ನು ನಿಲ್ಲಿಸಿದಳು. ಕಣ್ಣು ಕೆಂಪಗಿತ್ತು. ನಾನು ಅದನ್ನು ಹಟವೆಂದು ತಿಳಿದೆ.

ಆ ವಾರದ ಸೋಮವಾರವೇ ನಮ್ಮ ಡ್ರಿಲ್ ಮೇಷ್ಟ್ರು ನನ್ನ ಮುಖ ನೋಡಿ, ಮಾಕಳಿದುರ್ಗದ ಕೆಳಗಿನ ಹಳ್ಳಿಯಲ್ಲಿರುವ ಪಂಡಿತರೊಬ್ಬರ ವಿಳಾಸ ಹೇಳಿದರು. ಸಂಜೆ ಬಸ್ಸಿಳಿದು ನಡೆದು ಹೋದೆ. ಪಂಡಿತರು ಬಾಗಿಲಲ್ಲಿ ಕೂತು ಕಲ್ಲಿನಲ್ಲಿ ಏನನ್ನೋ ಅರೆಯುತ್ತಿದ್ದರು. ಹೈಸ್ಕೂಲು ಮೇಷ್ಟ್ರು ನಿದ್ದೆಗೆ ಔಷಧಿ ಕೇಳಿದನೆಂದರೆ ಊರೆಲ್ಲ ಹರಡೀತೆಂದು, ಹೆಸರು ಹೇಳದೆ, ನನ್ನ ಷಡ್ಡಕನಿಗೆ ಬೇಕಿತ್ತು ಎಂದೆ.

"ನಿಮ್ಮ ಷಡ್ಡಕನಿಗೆ ಕಣ್ಣು ಕೆಂಪಗಿರ್ತದಾ?"

"ಇರುತ್ತೆ."

"ಹೂಂ, ಕಾಣ್ತಾ ಇದೆ" ಎಂದು ಪಂಡಿತರು ನನ್ನ ಕಣ್ಣನ್ನೇ ನೋಡಿದರು.

ಅವರು ಕೊಟ್ಟದ್ದು ಮುತ್ತುಗದ ಎಲೆಯಲ್ಲಿ ಸುತ್ತಿದ ಕಪ್ಪು ಹಸಿರು ಬಣ್ಣದ ಲೇಹ್ಯ. ಭಂಗಿ ಸೊಪ್ಪನ್ನು ಹಾಲಿನಲ್ಲಿ ಬೇಯಿಸಿ, ಒಣಗಿಸಿ, ತುಪ್ಪದಲ್ಲಿ ಹುರಿದು, ಬೆಲ್ಲ, ಗಸಗಸೆ, ಜಾಯಿಕಾಯಿ ಸೇರಿಸಿದ್ದು. ಭಂಗಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಪೊಲೀಸ್ ಸ್ಟೇಷನ್ನು, ಹೆಡ್‌ಮಾಸ್ಟರು, ಅಮ್ಮ, ಈ ಕ್ರಮದಲ್ಲಿ ಕಣ್ಣೆದುರು ಬಂದರು. ಪಂಡಿತರು ಗಾಬರಿಯನ್ನು ಗಮನಿಸಿದರು. "ಇದು ಸೊಪ್ಪು ಸ್ವಾಮಿ, ಗಾಂಜಾ ಹೂವಲ್ಲ. ಸೇದೋರ ಸಹವಾಸ ನಂಗಿಲ್ಲ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ವಿಜಯಾ ಅಂತ ಹೆಸರು. ಮಲಗೋ ಮುಂಚೆ ಕಡಲೆಕಾಳಿನಷ್ಟು, ಬಿಸಿ ಹಾಲಿನ ಜೊತೆ. ಕಡಲೆಕಾಳು ಅಂದ್ರೆ ಕಡಲೆಕಾಳೇ ಮತ್ತೆ."

ಸುಶೀಲಳಿಗೆ ಕಾಣದಂತೆ ಅದನ್ನು ಲಾಗರಿದಂ ಪುಸ್ತಕದ ಹಿಂದೆ ಬಚ್ಚಿಟ್ಟೆ. ಮೂರು ದಿನ ಧೈರ್ಯ ಬರಲಿಲ್ಲ. ಗುರುವಾರ ಕಡಲೆಕಾಳಿನಷ್ಟು ತಿಂದು, ಅರ್ಧ ಗಂಟೆ ಕಾದೆ. ಏನೂ ಆಗಲಿಲ್ಲ. ಗಣಿತದ ಮೇಷ್ಟ್ರು ಸುಮ್ಮನಿರಲು ಸಾಧ್ಯವೇ? ಒಂದು ಕಾಳಿಗೆ ಇಷ್ಟು ಕಡಿಮೆ ನಿದ್ದೆಯಾದರೆ ಒಂದು ಇಡೀ ರಾತ್ರಿಗೆ ಎಷ್ಟು ಕಾಳು ಎಂದು ತ್ರೈರಾಶಿ ಹಾಕಿ, ಉತ್ತರ ನೆಲ್ಲಿಕಾಯಿ ಗಾತ್ರವೆಂದು ಬಂದದ್ದರಿಂದ ಅಷ್ಟನ್ನು ತಿಂದೆ. ಗುಣಾಕಾರ ಸರಿಯಾಗಿಯೇ ಇತ್ತೆಂದು ಈಗಲೂ ನನ್ನ ಅಭಿಪ್ರಾಯ.

ನಿದ್ದೆ ಬಂತು. ಸಮಸ್ಯೆಯೆಂದರೆ, ಶುಕ್ರವಾರ ಬೆಳಗ್ಗೆಯೂ ಅದು ಹೋಗಿರಲಿಲ್ಲ. ಸೈಕಲ್ಲು ನಿಂತಲ್ಲೇ ಇದ್ದು ರಸ್ತೆಯೇ ನನ್ನ ಕಡೆಗೆ ಸಾವಕಾಶವಾಗಿ ಬರುತ್ತಿತ್ತು. ಪ್ರಾರ್ಥನೆಯಲ್ಲಿ ಎಲ್ಲರೂ ತರಗತಿಗೆ ಹೋದ ಮೇಲೂ ಕೈ ಜೋಡಿಸಿ ನಿಂತಿದ್ದೆ. ವಿಧಿಯ ವ್ಯಂಗ್ಯ ನೋಡಿ, ಅಂದು ಮಾದಕ ವಸ್ತುಗಳ ದುಷ್ಪರಿಣಾಮ ಕುರಿತ ಪ್ರಬಂಧ ಸ್ಪರ್ಧೆಗೆ ನಾನೇ ತೀರ್ಪುಗಾರ. ಮೊದಲ ಪ್ರಬಂಧವನ್ನು ಮೂರು ಸಲ ಓದಿದೆ. ಮೂರು ಸಲವೂ ಅದು ನನಗೆ ಹೊಸದಾಗಿತ್ತು. ಉಳಿದವುಗಳಲ್ಲಿ ಅಕ್ಷರಗಳ ದುಂಡುತನ ನೋಡಿ ಕಣ್ಣು ತುಂಬಿ ಬಂದು, ಎಲ್ಲಕ್ಕೂ ಪ್ರಥಮ ಬಹುಮಾನ ಕೊಟ್ಟೆ. ಒಂದರ ಕೆಳಗೆ ಮಾತ್ರ "ಲೇಖಕನಿಗೆ ವಿಷಯದ ಅನುಭವ ಸಾಲದು" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆನಂತೆ.

"ಏನ್ ಮೇಷ್ಟ್ರೇ ಇದು?" ಎಂದು ಹೆಡ್‌ಮಾಸ್ಟರು ಆ ಹಾಳೆಯನ್ನು ನನ್ನ ಮುಂದೆ ಹಿಡಿದರು. ಜ್ವರವೆಂದೆ. ಹಣೆ ಮುಟ್ಟಿ ನೋಡಿ, ತಣ್ಣಗಿದೆಯಲ್ಲ ಎಂದರು. ಅದು ಒಳಜ್ವರವೆಂದು ಹೇಳಿ ಮನೆಗೆ ಬಂದೆ.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಪಂಡಿತರಲ್ಲಿಗೆ ಓಡಿದೆ. ಷಡ್ಡಕನನ್ನು ಕೈಬಿಟ್ಟು, ನನ್ನ ಹೆಸರು, ಬೀದಿಯ ಹೆಸರು, ಹೊಸ ಮನೆಯ ನಿಶ್ಶಬ್ದ, ನೆಲ್ಲಿಕಾಯಿ, ಎಲ್ಲವನ್ನೂ ಒಪ್ಪಿಸಿದೆ. ಪಂಡಿತರು ಅರೆಯುವುದನ್ನು ನಿಲ್ಲಿಸಿದರು.

"ಅಂದ್ರೆ ನೀವು ಸುಶೀಲಮ್ಮನ ಯಜಮಾನ್ರಾ?"

ನನ್ನ ಹೆಂಡತಿಯ ಹೆಸರು ಆ ಬೆಟ್ಟದ ಬುಡದ ಜಗಲಿಗೆ ಹೇಗೆ ಬಂತೆಂದು ನನಗೆ ಅರ್ಥವಾಗಲಿಲ್ಲ.

"ಹನ್ನೊಂದು ವರ್ಷ ಇದೇ ಲೇಹ್ಯ ತಗೊಂಡೋರು ಅವರು. ನಿಮ್ಮ ಬೀದೀಗೆ ಸೊಪ್ಪು ತರಕಾರಿ ಮಾರಕ್ಕೆ ಬರ್ತಿದ್ದ ನಮ್ಮೂರ ಹೆಂಗಸಿನ ಕೈಲಿ ಕಳಿಸ್ತಿದ್ದೆ. ದಿನಾ ಅಲ್ಲ, ವಾರಕ್ಕೆ ಒಂದೋ ಎರಡೋ ದಿನ, ತೀರಾ ತಡೆಯಕ್ಕಾಗ್ದಾಗ. ಒಂದು ದಿನಾನೂ ಕಾಳಿಗಿಂತ ಹೆಚ್ಚು ತಗೊಂಡೋರಲ್ಲ. ಮೊದಲ್ನೇ ಸಲ ಬಂದಾಗ ಮದುವೆ ಆಗಿ ಮೂರು ತಿಂಗ್ಳೂ ಇಲ್ಲ. ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮಾ ಅಂತ ಕೇಳ್ದೆ. ಮೊನ್ನೆ ಕರೆಂಟ್ ಹೋಗಿತ್ತಲ್ಲ, ಆವಾಗ ಒಂದು ಗಳಿಗೆ ಅಂತ ಅಂದ್ಲು ಆ ಹುಡ್ಗಿ."

ನಾನು ಪಂಡಿತರ ಜಗಲಿಯ ಮೇಲೆ ಕೂತುಬಿಟ್ಟೆ.

"ಹೊಸ ಮನೆ ಒಕ್ಕಲಾದ ವಾರ ಬಂದಿದ್ರು. ಕಾಯಿ, ಬಾಳೆಹಣ್ಣು ಇಟ್ಟು ನಮಸ್ಕಾರ ಮಾಡಿ, ಇನ್ನು ಬೇಡ ಪಂಡಿತ್ರೇ, ನಿದ್ದೆ ಬರ್ತಾ ಇದೆ ಅಂದ್ರು. ಔಷಧಿ ಬೇಡ ಅಂತ ಹೇಳೋಕೆ ಇಷ್ಟು ದೂರ ಬಂದೋರು ನನ್ನ ಸರ್ವೀಸಲ್ಲಿ ಅವರೊಬ್ರೇ."

ಬಸ್ಸಿಗೆ ಕಾಯದೆ ಬಹಳ ದೂರ ನಡೆದೇ ಬಂದೆ. ಹನ್ನೊಂದು ವರ್ಷ ನನ್ನ ಗೊರಕೆಗೂ ನಾಲ್ಕು ಮಗ್ಗಗಳಿಗೂ ನಡುವೆ ಒಬ್ಬ ಹೆಣ್ಣುಮಗಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಕರೆಂಟು ಹೋದಾಗ ಅವಳಿಗೆ ಸಿಗುತ್ತಿದ್ದ ಆ ಒಂದು ಗಳಿಗೆಯ ನಿದ್ದೆಯಿಂದ, ಭುಜ ಹಿಡಿದು ಅಲುಗಾಡಿಸಿ, ಕಾಫಿಗೆಂದು ಎಬ್ಬಿಸಿದವನು ನಾನು. ಒಂದು ಸಲವಲ್ಲ, ಕರೆಂಟು ಹೋದಷ್ಟು ಸಲ. ಆ ಕಾಲದಲ್ಲಿ ನಮ್ಮೂರಿನಲ್ಲಿ ಕರೆಂಟು ಎಷ್ಟು ಸಲ ಹೋಗುತ್ತಿತ್ತೆಂಬುದು ಅಲ್ಲಿದ್ದವರಿಗೇ ಗೊತ್ತು. ನನಗೆ ಎರಡು ತಿಂಗಳು ನಿದ್ದೆ ಬಾರದ್ದಕ್ಕೆ ಮನೆಯನ್ನೇ ಬಿಟ್ಟುಕೊಡಲು ಹೊರಟಿದ್ದೆ. ನಾಚಿಕೆಯಾಯಿತು. ನಾಚಿಕೆ ಎಂಬುದು ಸಣ್ಣ ಮಾತು, ಸಂಕಟವೇ ಆಯಿತು.

ಭಾನುವಾರ ಬ್ಯಾಂಕ್ ಅಧಿಕಾರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಹೊಸಿಲಿನಲ್ಲೇ ನಿಂತು ಕೈ ಮುಗಿದು, ಕ್ಷಮಿಸಬೇಕು, ಮನೆ ಬಾಡಿಗೆಗೆ ಇಲ್ಲ ಎಂದೆ. "ಅಲ್ಲ ಸಾರ್, ನಿಮಗೆ ಇಲ್ಲಿ ನಿದ್ದೆ ಬರಲ್ಲ ಅಂದಿದ್ರಲ್ಲ?" ಎಂದರು. ಬರುವುದಿಲ್ಲ, ಆದರೂ ಇಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ ಸ್ಕೂಟರ್ ಏರಿದರು.

ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಸುಶೀಲ ನಿಂತಿದ್ದಳು. ಪಂಡಿತರ ಹತ್ತಿರ ಹೋಗಿದ್ದೆ ಎಂದೆ. "ಗೊತ್ತು. ಪುಸ್ತಕದ ಹಿಂದೆ ವಾಸ್ನೆ ಬರ್ತಿತ್ತು. ಆ ವಾಸ್ನೆ ನಂಗೆ ಗೊತ್ತಾಗಲ್ವಾ?" ಎಂದಳು. ಆಮೇಲೆ, "ಎಷ್ಟು ತಗೊಂಡ್ರಿ?"

"ನೆಲ್ಲಿಕಾಯಿ ಗಾತ್ರ."

"ಅಯ್ಯೋ ದೇವ್ರೇ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಲ್ಲ.

"ಹನ್ನೊಂದು ವರ್ಷ ಸುಶೀಲ. ಒಂದು ದಿನ ನನಗೆ ಹೇಳಬಾರದಾಗಿತ್ತೇ?"

"ಹಗಲು ಹೊತ್ತು ಮಗ್ಗದ ಸದ್ದಲ್ಲಿ ಮಾತು ಕೇಳಿಸ್ತಿತ್ತೇನ್ರೀ? ರಾತ್ರಿ ಹೇಳೋಣ ಅಂದ್ರೆ, ನೀವು ಎದ್ದಿರಬೇಕಲ್ಲ."

ಹಿತ್ತಲಿಗೆ ಹೋಗಿ ಬಾವಿಯಿಂದ ಎರಡು ಕೊಡ ನೀರು ಸೇದಿ ಕನಕಾಂಬರಕ್ಕೆ ಹಾಕಿದೆ.

ಈಗಲೂ ನಾವು ಆ ಮನೆಯಲ್ಲೇ ಇದ್ದೇವೆ. ಲೇಹ್ಯ ಮುಗಿದ ಮೇಲೆ ನಾನು ಮತ್ತೆ ತರಲಿಲ್ಲ. ಮಲಗಿದ ಮೇಲೆ ಸುಶೀಲ, ತಾನು ಎಚ್ಚರವಿದ್ದ ಕಾಲದಲ್ಲಿ ಯಾರಿಗೂ ಹೇಳದೆ ಉಳಿಸಿಕೊಂಡ ಮಾತುಗಳನ್ನು ವರ್ಷವಾರು ಹೇಳುತ್ತಾಳೆ. ಹನ್ನೊಂದರಲ್ಲಿ ಈಗ ನಾಲ್ಕನೆಯ ವರ್ಷಕ್ಕೆ ಬಂದಿದ್ದೇವೆ. ಅವಳ ದನಿ ಸಣ್ಣದು, ಒಂದೇ ಹದದಲ್ಲಿ ಹರಿಯುವಂಥದು. ಕೇಳುತ್ತ ಕೇಳುತ್ತ ನನಗೆ ಎಲ್ಲಿಲ್ಲದ ನಿದ್ದೆ ಬರುತ್ತದೆ. ತೊಡೆ ಚಿವುಟಿಕೊಂಡು, ಕಣ್ಣು ಅಗಲಿಸಿಕೊಂಡು, ಹೂಂ ಎನ್ನುತ್ತೇನೆ.