ಮ್ಯಾಗ್ಪೈ ಕಲಿತ ಎರಡು ಸೀಟಿ

ಇನ್ನೂ ಬೆಳಕು ಹರಿದಿಲ್ಲ. ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪಿನ ವಾಸನೆಯಿದೆ, ಅದರ ಬೆನ್ನಿಗೇ ತೈಲ ಶುದ್ಧೀಕರಣ ಕಾರ್ಖಾನೆಯ ಸುಟ್ಟ ವಾಸನೆ. ಆಸ್ಟ್ರೇಲಿಯಾದ ಜಿಲಾಂಗ್ ನಗರದ ಉತ್ತರ ತುದಿಯಲ್ಲಿ, ಬೆಲ್ಲಮಿ ರಸ್ತೆಯ ಮುಚ್ಚಿದ ಶಾಲೆಯ ಬೇಲಿಗೆ ಒರಗಿ ನೆವೆಂಕಾ ಬಾರಿಶಿಚ್ ನಿಂತಿದ್ದಾರೆ. ಮೈಮೇಲೆ ಕೇಸರಿ ಕೋಟು, ತಲೆಗೆ ಅಗಲ ಅಂಚಿನ ಟೋಪಿ, ಕೊರಳಲ್ಲಿ ಸೀಟಿ. ಹೆದ್ದಾರಿಯಾಚೆಯ ಹೊಸ ಶಾಲೆಗೆ ಹೋಗುವ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಮಕ್ಕಳು ಬರುವುದಕ್ಕೆ ಇನ್ನೂ ಬಹಳ ಹೊತ್ತಿದೆ. ಇಷ್ಟು ಬೇಗ ಬನ್ನಿ ಎಂದು ಅವರಿಗೆ ಯಾರೂ ಹೇಳಿಲ್ಲ. ಅವರು ಬಂದಿರುವುದು ದೀಪದ ಕಂಬದ ಮೇಲೆ ಕೂತ ಒಂದು ಹಕ್ಕಿಯ ದನಿ ಕೇಳುವುದಕ್ಕೆ.

ಕಪ್ಪುಬಿಳಿ ಗಂಡು ಮ್ಯಾಗ್ಪೈ ಅದು, ಕೇಳಿದ ದನಿಯನ್ನು ಅನುಕರಿಸುವ ಜಾತಿ. ಮೊದಲು ಬಾಯಿ ಮುಕ್ಕಳಿಸಿದ ಹಾಗೆ ತನ್ನದೇ ಹಾಡು ಹಾಡುತ್ತದೆ. ಆಮೇಲೆ ಮೂಲೆಮನೆಯ ನಾಯಿಯ ಹಾಗೆ ಬೊಗಳುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಇವತ್ತು ಮರೆತಿರಬಹುದು ಎಂದು ನೆವೆಂಕಾ ಅಂದುಕೊಳ್ಳುವಷ್ಟರಲ್ಲಿ ಕಂಬದ ಮೇಲಿಂದ ಎರಡು ಸೀಟಿ ಕೇಳಿಸುತ್ತದೆ. ಮೊದಲನೆಯದು ಉದ್ದ, ಎರಡನೆಯದು ಕತ್ತರಿಸಿದಂತೆ ಮೊಟಕು.

ಅವರ ಕೈ ತಾನಾಗಿ ಎದೆಗೆ ಹೋಗುತ್ತದೆ. ಸೀಟಿ ಅಲ್ಲೇ ಇದೆ, ತಣ್ಣಗೆ. ಊದಿದ್ದು ತಾವಲ್ಲ ಎಂದು ಈಗೀಗ ಹೀಗೆ ಮುಟ್ಟಿ ನೋಡಿಕೊಳ್ಳಬೇಕಾಗಿದೆ.

"ಮರ್ತಿಲ್ಲ ನೋಡಿ, ದರಿದ್ರದ್ದು. ನನಗಿಂತ ಚೆನ್ನಾಗಿ ಊದುತ್ತೆ," ಎನ್ನುತ್ತಾರೆ. ನಗಲು ನೋಡುತ್ತಾರೆ, ಆಗುವುದಿಲ್ಲ.

ಈ ಊರಿನ ಮಕ್ಕಳು ಶಾಲೆಗೆ ಸೇರಿದ ವಾರವೇ ಕಲಿಯುವ ಪಾಠವೊಂದಿದೆ. ರಸ್ತೆಯ ಅಂಚಿನ ಹಳದಿ ಗೆರೆಯ ಹಿಂದೆ ನಿಲ್ಲಬೇಕು. ದಾಟಿಸುವವರು ಕೋಲಿನ ತುದಿಯ 'ನಿಲ್ಲಿ' ಫಲಕ ಹಿಡಿದು ರಸ್ತೆಯ ನಡುವೆ ಹೋಗುತ್ತಾರೆ, ಎರಡೂ ಕಡೆಯ ವಾಹನ ನಿಂತಿದ್ದು ಖಾತ್ರಿಯಾದ ಮೇಲೆ ಎರಡು ಸಲ ಸೀಟಿ ಊದುತ್ತಾರೆ. ಎರಡು ಸೀಟಿ ಕೇಳಿದರೆ ನಡೆಯಬೇಕು. ಯೋಚಿಸುವ ಪ್ರಶ್ನೆಯಿಲ್ಲ. ಪಕ್ಕದವಳ ಜತೆ ಜಗಳವಾಡುತ್ತಲೋ ಕಳಚಿದ ಚೀಲದ ಪಟ್ಟಿ ಎಳೆದುಕೊಳ್ಳುತ್ತಲೋ ನಿಂತಿದ್ದರೂ ಕಾಲು ತಾನೇ ಹೊರಡುತ್ತದೆ. ಇಷ್ಟು ವರ್ಷ ಮಕ್ಕಳನ್ನು ಉಳಿಸಿದ್ದು ಈ ಅಭ್ಯಾಸ. ಹಿಂದಿನ ವಾರ ಒಂದು ಮಗುವನ್ನು ಇನ್ನೇನು ಕೊಂದೇಬಿಡುತ್ತಿದ್ದದ್ದೂ ಅದೇ.

ಮಂಗಳವಾರ ಶಾಲೆ ಬಿಟ್ಟ ಹೊತ್ತು. ನೆವೆಂಕಾ ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಬಂದರಿನ ಕಡೆಯಿಂದ ಬರುತ್ತಿದ್ದ ಲಾರಿ ಹೋಗಲಿ ಎಂದು ಮಕ್ಕಳ ಸಾಲಿನ ಪಕ್ಕದಲ್ಲೇ ಕಾಯುತ್ತಿದ್ದರು. ಕಂಬದ ಮೇಲಿಂದ ಎರಡು ಸೀಟಿ ಬಂತು. ಎರಡನೇ ತರಗತಿಯ ಪೋವಾ ತಲೆ ತಗ್ಗಿಸಿಕೊಂಡೇ ರಸ್ತೆಗೆ ಹೆಜ್ಜೆಯಿಟ್ಟಳು. ನೆವೆಂಕಾ ಕೈಗೆ ಸಿಕ್ಕಿದ್ದು ಅವಳ ಚೀಲದ ಮೇಲಿನ ಕುಣಿಕೆ ಮಾತ್ರ. ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದರು. ಲಾರಿ ಅಷ್ಟು ದೂರ ಹೋಗಿ ನಿಂತಿತು. ಚಾಲಕ ಇಳಿದು ಬಂದ. ಬೈಯಲು ಬಂದವನು ಫುಟ್‌ಪಾತಿನ ಮೇಲೆ ಕೂತುಬಿಟ್ಟ.

"ಮಗು ಅತ್ತಿದ್ದು ಪೆಟ್ಟಿಗಲ್ಲ," ಎಂದು ನೆವೆಂಕಾ ನೆನೆಯುತ್ತಾರೆ. "'ನೀವೇ ಊದಿದ್ರಿ ಮಿಸ್, ನಾನು ನಡೆದೆ' ಅಂತ ಅತ್ತಿದ್ದು. ತಪ್ಪು ಮಾಡಿದೆ ಅಂದ್ಕೊಂಡು. ಆ ಮಗು ಹೇಳಿದ ಹಾಗೇ ಕೇಳಿತ್ತು ಕಣ್ರೀ. ಹೇಳಿದ ಹಾಗೇ ಕೇಳಿತ್ತು."

ಅರವತ್ತು ದಾಟಿರುವ ನೆವೆಂಕಾ ಓದಿದ್ದು ಇದೇ ಬೆಲ್ಲಮಿ ರಸ್ತೆಯ ಶಾಲೆಯಲ್ಲಿ. ಅಪ್ಪ ಕ್ರೊಯೇಷಿಯಾದ ಹಳ್ಳಿಯಿಂದ ಬಂದು ಕಾರು ಕಾರ್ಖಾನೆ ಸೇರಿದವರು, ಅಮ್ಮ ಉಣ್ಣೆ ಗಿರಣಿಯಲ್ಲಿ. ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಇಂಗ್ಲಿಷ್ ಬಾರದು. "ಟೀಚರ್ ಏನಂದ್ರೂ ತಲೆ ಆಡಿಸ್ತಿದ್ವಿ. ನನಗೆ ಅರ್ಥ ಆಗ್ತಿದ್ದಿದ್ದು ಒಂದೇ, ಪಿಕರಿಂಗ್ ಅಜ್ಜನ ಸೀಟಿ." ಆಗ ಮಕ್ಕಳನ್ನು ದಾಟಿಸುತ್ತಿದ್ದ ಪಿಕರಿಂಗ್‌ಗೆ ಒಂದು ಶ್ವಾಸಕೋಶ ಸರಿಯಿರಲಿಲ್ಲ. ಮೊದಲ ಸೀಟಿಗೇ ಉಸಿರು ಖರ್ಚಾಗಿ ಎರಡನೆಯದು ಮೊಟಕಾಗುತ್ತಿತ್ತು. ಮಕ್ಕಳ ಕಿವಿಯಲ್ಲಿ ಅದು ಹಾಗೇ ಕೂತಿತು. ಮುಂದೆ ಶಾಲೆಯ ಕ್ಯಾಂಟೀನಿನಲ್ಲಿ ಮಾಂಸ ತುಂಬಿದ ಪೈ ಬಿಸಿ ಮಾಡುತ್ತಿದ್ದ ನೆವೆಂಕಾ ಸೀಟಿ ಹಿಡಿದಾಗ ಅವರ ಒಳ್ಳೆಯ ಶ್ವಾಸಕೋಶದಿಂದಲೂ ಬಂದದ್ದು ಒಂದು ಉದ್ದ, ಒಂದು ಮೊಟಕು. ಈಗ ಹಕ್ಕಿಯದೂ ಅದೇ. ಹಾಗಾಗಿ ಅದು ಎಲ್ಲಿ ಕಲಿತಿತೆಂಬ ಅನುಮಾನವೇ ಇಲ್ಲ.

ಕಾರು ಕಾರ್ಖಾನೆ ಬಾಗಿಲು ಹಾಕಿತು. ಮನೆಗಳು ಖಾಲಿಯಾದವು, ಬೆಲ್ಲಮಿ ರಸ್ತೆಯ ಶಾಲೆಯೂ ಮುಚ್ಚಿತು. ಇದ್ದ ಮಕ್ಕಳನ್ನೆಲ್ಲ ಹೆದ್ದಾರಿಯಾಚೆ ಕಟ್ಟಿದ ದೊಡ್ಡ ಶಾಲೆಗೆ ಸೇರಿಸಿದರು. ಗಾಜಿನ ಗೋಡೆ, ಅಡುಗೆತೋಟ, ಎಲ್ಲ ಚೆಂದ. ಆದರೆ ಈಚೆ ಬದಿಯ ಮಕ್ಕಳು ದಿನಕ್ಕೆರಡು ಸಲ ನಾಲ್ಕು ಸಾಲಿನ ರಸ್ತೆ ದಾಟಬೇಕು. ಖಾಲಿಯಾದ ಮನೆಗಳಿಗೆ ಬರ್ಮಾದ ಗಡಿಯ ನಿರಾಶ್ರಿತರ ಶಿಬಿರಗಳಿಂದ ಕರೆನ್ ಜನಾಂಗದವರು ಬಂದರು. ಪೋವಾ ಅವರ ಪೈಕಿ. ಹಳೆಯ ಶಾಲೆಯ ಅಂಗಳಕ್ಕೆ ಬೇಲಿ ಬಿತ್ತು, ಅಲ್ಲಿನ ನೀಲಗಿರಿ ಮರದಲ್ಲಿ ಮ್ಯಾಗ್ಪೈ ಸಂಸಾರ ಹೂಡಿತು.

ಈ ಕೆಲಸದಲ್ಲಿ ಬೈಗುಳ ಇಲ್ಲದ ದಿನವಿಲ್ಲ. ಕಿಟಕಿ ಇಳಿಸಿ "ಏಯ್, ಬೇಗ ಸರಿಯೇ ಮುದುಕಿ" ಎನ್ನುವವರಿದ್ದಾರೆ. ತಿಂದ ಬರ್ಗರಿನ ಕಾಗದ ಎಸೆದು ಹೋಗುವವರಿದ್ದಾರೆ. ಫೆಬ್ರುವರಿಯ ಬಿಸಿಲಿಗೆ ಡಾಂಬರು ಶೂಗೆ ಅಂಟುತ್ತದೆ, ಜುಲೈಯ ಗಾಳಿಗೆ ಫಲಕ ಹಿಡಿದ ಬೆರಳು ಸೆಟೆಯುತ್ತದೆ. ಬೆಳಿಗ್ಗೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು ಹೊತ್ತಿನ ಕೆಲಸ. ನಡುವೆ ಇನ್ನೊಂದು ಕೆಲಸ ಹಿಡಿಯಲಾಗದ ಹಾಗೆ ದಿನವನ್ನು ಎರಡು ಹೋಳು ಮಾಡಿಬಿಡುತ್ತದೆ. ಇದ್ಯಾವುದಕ್ಕೂ ನೆವೆಂಕಾ ನಿದ್ದೆ ಕೆಟ್ಟವರಲ್ಲ. ಈಗ ಕೆಟ್ಟಿದೆ.

ಘಟನೆಯ ಮರುದಿನ ನಗರಸಭೆಯ ಮೇಲ್ವಿಚಾರಕ ಕ್ರೇಗ್ ಬಂದರು. ಮರದಲ್ಲಿ ಮರಿಗಳಿರುವುದರಿಂದ ಅನುಮತಿಯಿಲ್ಲದೆ ಹಕ್ಕಿಯನ್ನು ಮುಟ್ಟುವಂತಿಲ್ಲ, ಒಂದು ಕ್ರಾಸಿಂಗಿಗಾಗಿ ಇಡೀ ಊರಿನ ಸೀಟಿಯ ನಿಯಮ ಬದಲಿಸುವಂತೆಯೂ ಇಲ್ಲ ಎಂದರು.

"ಸೋಮವಾರದಿಂದ ನೀವು ಬೀಚ್ ಹತ್ರದ ಕ್ರಾಸಿಂಗಿಗೆ ಹೋಗಿ ನೆವ್. ಶಾಂತವಾಗಿದೆ. ಇಲ್ಲಿಗೆ ಬೇರೆಯವರನ್ನ ಹಾಕ್ತೀನಿ."

"ಹೋಗ್ತೀನಿ ಕ್ರೇಗ್. ಹಕ್ಕೀನೂ ನನ್ನ ಜತೆ ಬರುತ್ತಾ?"

"ತಮಾಷೆ ಬೇಡ."

"ತಮಾಷೆ ಅಲ್ಲ ಮಾರಾಯ. ನಾನು ಹೋದ್ರೂ ನನ್ನ ಸೀಟಿ ಈ ಕಂಬದ ಮೇಲೇ ಇರುತ್ತೆ. ಹೊಸಬರಿಗೆ ಅದು ಯಾವಾಗ ಕೂಗುತ್ತೆ ಅಂತ ಗೊತ್ತಾ? ಮಕ್ಕಳಿಗೆ ಕಲಿಸಿದ್ದು ನಾನು. ಬಿಡಿಸೋದೂ ನಾನೇ ಆಗ್ಬೇಕು. ಒಂದು ವಾರ ಕೊಡು."

ಒಂದು ವಾರದ ನಂತರ ತಾವೇ ಬಂದು ನೋಡುವುದಾಗಿಯೂ, ಒಂದು ಮಗು ಹಕ್ಕಿಯ ಸೀಟಿಗೆ ಕಾಲೆತ್ತಿದರೂ ಮಾತು ಮುಗಿಯಿತೆಂದೂ ಹೇಳಿ ಕ್ರೇಗ್ ಹೋದರು.

ದಿನಾ ನಾಯಿ ಅಡ್ಡಾಡಿಸಲು ಬರುವ ವ್ಲಾಡೊ ಇನ್ನೊಂದು ದಾರಿ ಹೇಳಿದರು. ನೆವೆಂಕಾ ಜತೆ ಒಂದೇ ಬೆಂಚಿನಲ್ಲಿ ಓದಿದವರು, ಕಾರು ಕಾರ್ಖಾನೆಯಿಂದ ನಿವೃತ್ತರು. "ಒಂದು ಕವಣೆ ಕಲ್ಲು ಸಾಕು ನೆವಾ. ನಾನು ನೋಡೇ ಇಲ್ಲ ಅಂತೀನಿ."

"ನಿನ್ನ ಗುರಿ ನನಗೆ ಗೊತ್ತಿಲ್ವೇನೋ? ಮೂರನೇ ಕ್ಲಾಸಲ್ಲಿ ಹೆಡ್‌ಮಾಸ್ಟರ ಕಿಟಕಿ ಒಡೆದವನು. ಕಲ್ಲು ಬಿಡು, ಕೆಲಸಕ್ಕೆ ಬಾ. ನೀನೇ ಹಕ್ಕಿ ಆಗು."

ಹಾಗೆ ಶುರುವಾದದ್ದು ದೊಡ್ಡ ಶಾಲೆಯ ಅಂಗಳದ ಆಟ. ಸುಣ್ಣದ ಪುಡಿಯಲ್ಲಿ ರಸ್ತೆ ಎಳೆದು ನೆವೆಂಕಾ ಮಕ್ಕಳನ್ನು ಸಾಲು ನಿಲ್ಲಿಸುತ್ತಾರೆ. ನೀರಿನ ತೊಟ್ಟಿಯ ಹಿಂದೆ ಅಡಗಿದ ವ್ಲಾಡೊ ಮನಸ್ಸಿಗೆ ಬಂದಾಗ ಎರಡು ಸೀಟಿ ಊದುತ್ತಾರೆ. ಕಾಲೆತ್ತಿದವರು ಔಟ್. ಮೊದಲ ದಿನ ಇಡೀ ಸಾಲೇ ನಡೆದುಬಿಟ್ಟಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನೆವೆಂಕಾ ಬೆನ್ನು ಬೆವರಿತು.

"ಕೇಳಿದ್ರೆ ಸಾಲ್ದು," ಎಂದು ಅವರು ಒಬ್ಬೊಬ್ಬರ ಮುಂದೆಯೂ ಬಗ್ಗಿ ಹೇಳುತ್ತಾರೆ. "ಸೀಟಿ ನನ್ನ ಬಾಯಲ್ಲಿ ಕಾಣ್ಬೇಕು. ನಾನು ರಸ್ತೆ ಮಧ್ಯೆ ಇರ್ಬೇಕು. ಎರಡೂ ಇದ್ರೆ ಮಾತ್ರ ಕಾಲು."

"ಹಕ್ಕಿ ಬಾಯಲ್ಲಿ ಸೀಟಿ ಇದ್ರೆ?" ಎಂದು ಒಬ್ಬ ಕೇಳಿದ.

"ಆಗ ಅದಕ್ಕೇ ಈ ಕೋಟು ಹಾಕಿ ಕೆಲಸ ಕೊಡ್ತೀನಿ, ನಿಂತ್ಕೊ ಸುಮ್ನೆ."

ಈ ಆಟಕ್ಕೆ ಪೋವಾ ಬರಲಿಲ್ಲ. ಅವಳ ಅಜ್ಜಿ ನೋ ಸೇ ಈಗ ದಿನಾ ಜತೆಗೆ ಬರುತ್ತಾರೆ, ಮೊಮ್ಮಗಳ ಮಣಿಕಟ್ಟು ಬಿಗಿಯಾಗಿ ಹಿಡಿದು ದಾಟಿಸಿ, ಆ ಕಡೆ ಮುಟ್ಟಿದೊಡನೆ ತಿರುಗಿ ನೋಡದೆ ಹೋಗುತ್ತಾರೆ. ಮೊದಲೆಲ್ಲ ಶುಕ್ರವಾರ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು ತಂದು ನೆವೆಂಕಾ ಕೋಟಿನ ಜೇಬಿಗೆ ತುರುಕುತ್ತಿದ್ದವರು. ನೆವೆಂಕಾ ತಡೆಯಲಾರದೆ ಒಂದು ಬೆಳಿಗ್ಗೆ ಅವರ ಮುಂದೆ ನಿಂತರು. ಪೋವಾ ಇಬ್ಬರ ನಡುವೆ ಮಾತು ದಾಟಿಸಿದಳು.

"ಅಜ್ಜಿ ಹೇಳ್ತಾಳೆ, ಶಿಬಿರದಲ್ಲೂ ಸೀಟಿ ಊದ್ತಿದ್ರಂತೆ. ಓಡಿ ಅಂತ, ಎಷ್ಟೋ ಸಲ ಸುಮ್‌ಸುಮ್ನೆ. ಅದನ್ನ ನಂಬಬಾರದು ಅಂತ ಅಲ್ಲೇ ಕಲ್ತಿದ್ಳಂತೆ. ಇಲ್ಲಿ ನಿಮ್ಮನ್ನ ನೋಡಿ ನಂಬಿದ್ಳಂತೆ."

"ಇನ್ಮೇಲೂ ಸೀಟೀನ ನಂಬೋದು ಬೇಡ ಅಂತ ಹೇಳು," ಎಂದರು ನೆವೆಂಕಾ. "ನನ್ನ ನೋಡ್ಲಿ, ಸಾಕು. ನಿನ್ನನ್ನ ಆಟಕ್ಕೆ ಕಳಿಸೋಕೆ ಹೇಳು."

ಮರುದಿನದಿಂದ ಪೋವಾ ಆಟಕ್ಕೆ ಬಂದಳು. ಅಜ್ಜಿ ತೊಟ್ಟಿಯ ಪಕ್ಕ ನಿಂತು ವ್ಲಾಡೊ ಯಾವಾಗ ಊದುತ್ತಾರೆಂದು ನೋಡುತ್ತಿದ್ದರು.

ಇವತ್ತು ಕ್ರೇಗ್ ಬರುವ ದಿನ. ಕತ್ತಲಲ್ಲೇ ಎದ್ದು ಬಂದ ನೆವೆಂಕಾಗೆ ವಿಚಿತ್ರ ಸಂಕಟ. ಹಕ್ಕಿ ಊದಬೇಕು. ಊದದೇ ಹೋದರೆ ಮಕ್ಕಳು ಕಲಿತಿದ್ದಾರೆಂದು ತೋರಿಸುವುದು ಹೇಗೆ? ಊದಿದರೆ, ಒಬ್ಬನೇ ಒಬ್ಬ ಮರೆತಿದ್ದರೆ? ಬೆಳಗಿನ ಸಾಲುಗಳೆಲ್ಲ ದಾಟಿ ಮುಗಿದರೂ ಹಕ್ಕಿ ಹುಳು ಹೆಕ್ಕುತ್ತಲೇ ಇತ್ತು. ಕಾರಿನಲ್ಲಿ ಕೂತ ಕ್ರೇಗ್ ಕಾಫಿ ಕುಡಿದರು.

ಮಧ್ಯಾಹ್ನ ಶಾಲೆ ಬಿಡುತ್ತದೆ. ನೆವೆಂಕಾ ರಸ್ತೆಯ ಎರಡೂ ಬದಿಯ ಕಂಬಗಳಿಗೆ ಕೆಂಪು ಬಾವುಟ ಸಿಕ್ಕಿಸುತ್ತಾರೆ. ಬಾವುಟ ಇದ್ದರೆ ಮಾತ್ರ ಇದು ಕ್ರಾಸಿಂಗ್, ಇಲ್ಲದಿದ್ದರೆ ಬರೀ ರಸ್ತೆ. ಸಾಲು ಹಳದಿ ಗೆರೆಗೆ ಬಂದು ನಿಲ್ಲುತ್ತದೆ. ಮುಂದೆ ಪೋವಾ, ಅವಳ ಹಿಂದೆ ಅಜ್ಜಿ. ಬಂದರಿನ ಕಡೆಯಿಂದ ಎರಡು ಲಾರಿ, ಹಿಂದೆ ಒಂದು ಬಸ್ಸು. ನೆವೆಂಕಾ ಅಂಚಿನಲ್ಲೇ ಕಾಯುತ್ತಾರೆ. ಮ್ಯಾಗ್ಪೈ ಕಂಬದ ತುದಿಗೆ ಹಾರಿ ಕೂರುತ್ತದೆ.

ಒಂದು ಉದ್ದ. ಒಂದು ಮೊಟಕು.

ಸಾಲು ಗಾಳಿ ತಾಗಿದ ಹಾಗೆ ಒಮ್ಮೆ ಮುಂದಕ್ಕೆ ವಾಲುತ್ತದೆ. ಪಕ್ಕದ ಹುಡುಗನೊಬ್ಬನ ಶೂ ಗೆರೆಯ ಮೇಲೆ ಬರುತ್ತದೆ. ಪೋವಾ ಎರಡೂ ಕೈ ಅಗಲಿಸಿ, "ಬಾಯಿ ನೋಡೋ, ಬಾಯಿ!" ಎಂದು ಕಿರುಚುತ್ತಾಳೆ. ಶೂ ಹಿಂದಕ್ಕೆ ಸರಿಯುತ್ತದೆ. ಅಷ್ಟೂ ಮಕ್ಕಳ ಕಣ್ಣು ನೆವೆಂಕಾ ಅವರ ಬಿಗಿದ ತುಟಿಯ ಮೇಲಿದೆ. ಲಾರಿಗಳು ಹೋಗುತ್ತವೆ, ಬಸ್ಸು ಹೋಗುತ್ತದೆ. ಆಮೇಲೆ ಅವರು ನಡುರಸ್ತೆಗೆ ನಡೆದು, ಫಲಕ ಎತ್ತಿ, ಮಕ್ಕಳ ಕಡೆಗೇ ಮುಖ ಮಾಡಿ ಊದುತ್ತಾರೆ. ಉಸಿರು ಸಾಲದೆ ಎರಡನೆಯ ಸೀಟಿ ಎಂದಿಗಿಂತ ಮೊಟಕಾಗುತ್ತದೆ.

ಅಜ್ಜಿ ಮಣಿಕಟ್ಟು ಹಿಡಿಯುವುದಿಲ್ಲ. ಮೊಮ್ಮಗಳು ಮುಂದೆ, ಅವರು ಹಿಂದೆ.

ಕ್ರೇಗ್ ಕಾರಿನ ಕಿಟಕಿ ಇಳಿಸುತ್ತಾರೆ. "ಸರಿ ನೆವ್. ಈ ವರ್ಷ ಮುಗಿಯೋವರೆಗೆ ಇಲ್ಲೇ ಇರಿ. ಮುಂದಿಂದು ಮುಂದೆ."

ಬಾವುಟ ಕಳಚಿ ಕಂಕುಳಿಗೆ ಸಿಕ್ಕಿಸಿಕೊಂಡ ನೆವೆಂಕಾ, ಆಚೆ ಬದಿಯಲ್ಲಿ ನಿಲ್ಲಿಸಿದ ತಮ್ಮ ಕಾರಿಗೆ ಹೋಗಲು ರಸ್ತೆಯಂಚಿಗೆ ಬರುತ್ತಾರೆ. ಪಕ್ಕದಲ್ಲಿ ವ್ಲಾಡೊ ಮತ್ತು ನಾಯಿ. ಮೇಲಿಂದ ಎರಡು ಸೀಟಿ ಬರುತ್ತದೆ. ನೆವೆಂಕಾ ಅವರ ಬಲಗಾಲು ಡಾಂಬರಿನ ಮೇಲಿದೆ. ವ್ಲಾಡೊ ಕೋಟು ಹಿಡಿದು ಎಳೆಯುತ್ತಾರೆ, ಕಾರೊಂದು ಸರ್ರನೆ ಹಾದುಹೋಗುತ್ತದೆ.

"ಔಟ್," ಎನ್ನುತ್ತಾರೆ ವ್ಲಾಡೊ.

ನೆವೆಂಕಾ ತಮ್ಮ ಕಾಲನ್ನೇ ನೋಡುತ್ತ ನಿಲ್ಲುತ್ತಾರೆ. ಆರನೇ ವಯಸ್ಸಿನಲ್ಲಿ ಪಿಕರಿಂಗ್ ಅಜ್ಜ ಕಲಿಸಿದ ಕಾಲು. ಮರದ ಮೇಲೆ ಮರಿಗಳು ಅಪ್ಪನ ಕೂಗಿಗೆ ಬಾಯಿ ತೆರೆದು ಚೀರುತ್ತಿವೆ. ಅವೂ ಕೇಳಿಸಿಕೊಳ್ಳುತ್ತಿವೆ.

"ಬರೋ ವರ್ಷ ಅವೂ ಊದುತ್ತವೆ," ಎನ್ನುತ್ತಾರೆ. "ನನಗೆ ಬೇರೇನೂ ಬೇಡ ವ್ಲಾಡೊ. ಆಗ್ಲೂ ನನ್ನನ್ನ ಇಲ್ಲೇ ನಿಲ್ಲೋಕೆ ಬಿಟ್ರೆ ಸಾಕು." ಆಚೆ ಬದಿಯಲ್ಲಿ ದೂರ ಹೋಗುತ್ತಿರುವ ಮಕ್ಕಳ ಟೋಪಿಗಳ ಕಡೆ ಕೈ ತೋರಿಸುತ್ತಾರೆ. "ನೋಡಿದ್ಯಾ, ನನ್ನ ಕಾಲು ಹೋಯ್ತು. ಅವರದ್ದು ಒಬ್ಬರದ್ದೂ ಹೋಗ್ಲಿಲ್ಲ."