ಆಮೆ ಮೊದಲು ಬಂತು

ಡೋಲ್ಫಿ ಮಿನೇಜಸ್ ಕುವೈತಿಗೆ ಬಂದದ್ದು ನೀರಿನ ಟ್ಯಾಂಕರ್ ಓಡಿಸಲು. ಊರು ಕಿನ್ನಿಗೋಳಿಯ ಹತ್ತಿರ. ಓದಿದ್ದು ಎಂಟನೆಯ ತರಗತಿಯವರೆಗೆ, ಕನ್ನಡ ಮಾಧ್ಯಮದಲ್ಲಿ. ಹನ್ನೊಂದು ವರ್ಷ ಟ್ಯಾಂಕರ್ ಓಡಿಸಿದ. ಎಂಟು ವರ್ಷ ಒಬ್ಬ ಕಾರು ಡೀಲರನ ಬಳಿ ರಿಪೇರಿಯಾದ ಗಾಡಿಗಳನ್ನು ರಸ್ತೆಗೆ ತೆಗೆದುಕೊಂಡು ಹೋಗಿ ನೋಡುವ ಕೆಲಸ ಮಾಡಿದ. ಆಮೇಲಿನ ಹತ್ತು ವರ್ಷ ಅವನು ಬಿಸಿಲು ಪರೀಕ್ಷೆಯ ಚಾಲಕ.

ಇಂಥ ಉದ್ಯೋಗವೊಂದು ಇದೆ ಎನ್ನುವುದು ಹೆಚ್ಚಿನವರಿಗೆ ತಿಳಿದಿಲ್ಲ. ಹೊಸ ಮಾದರಿಯ ಕಾರು ಮಾರಾಟಕ್ಕೆ ಬರುವ ಮೊದಲು ಅದನ್ನು ಕಪ್ಪು ಬಿಳಿ ಗೀಟುಗಳ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಆಕಾರ ಯಾರಿಗೂ ಗೊತ್ತಾಗದಂತೆ ಮಾಡಿ, ಬೇಸಿಗೆಯಲ್ಲಿ ಇಲ್ಲಿಗೆ ತರುತ್ತಾರೆ. ಎರಡು ಗಂಟೆ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸುತ್ತಾರೆ. ಅನಂತರ ಮಟಮಟ ಮಧ್ಯಾಹ್ನ ಜಹ್ರಾ ದಾಟಿ ಸಾಲ್ಮಿ ರಸ್ತೆಯಲ್ಲಿ ನೂರಿಪ್ಪತ್ತರ ವೇಗದಲ್ಲಿ ಓಡಿಸುತ್ತಾರೆ. ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದೆಂದು ಈ ದೇಶದಲ್ಲಿ ನಿಯಮವಿದೆ. ಕಾರಿನೊಳಗೆ ಕೂತವನು ಬಯಲಿನಲ್ಲಿ ಇಲ್ಲ ಎಂದು ತಿಳಿಯಲಾಗುತ್ತದೆ.

ಡೋಲ್ಫಿಯನ್ನು ಇಟ್ಟುಕೊಂಡಿದ್ದ ಪರೀಕ್ಷಾ ಸಂಸ್ಥೆ ಸಣ್ಣದು. ಶುವೈಖಿನಲ್ಲಿ ಒಂದು ಶೆಡ್, ಮೂವರು ಚಾಲಕರು, ನಾಲ್ವರು ಇಂಜಿನಿಯರುಗಳು. ಅದರ ದೊಡ್ಡ ಗಿರಾಕಿ ಹಳೆಯ ಹೆಸರಿನ ಒಂದು ಕಾರು ಕಂಪನಿ. ಒಂದು ಕಾಲದಲ್ಲಿ ಆ ಕಂಪನಿಯ ಪೆಟ್ರೋಲ್ ಕಾರಿಗಾಗಿ ಚೀನಾದಲ್ಲಿ ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು. ಈಗ ಅಲ್ಲಿಯವರು ಅಲ್ಲಿಯೇ ತಯಾರಾದ ಬ್ಯಾಟರಿ ಕಾರು ಕೊಳ್ಳುತ್ತಾರೆ. ಕೈಬಿಟ್ಟುಹೋದ ಗಿರಾಕಿಗಳನ್ನು ಮರಳಿ ಪಡೆಯಲು ಕಂಪನಿ ಮೂರು ವರ್ಷಗಳಲ್ಲಿ ಒಂಬತ್ತು ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳನ್ನು ಚೀನಾಕ್ಕೆಂದೇ ತರುವುದಾಗಿ ಘೋಷಿಸಿತು. ಚೀನಾದ ಪಶ್ಚಿಮದ ಮರಳುಗಾಡಿನಲ್ಲೂ ಇಂಥದೇ ಬಿಸಿಲಿದೆ, ಆದರೆ ಅಲ್ಲಿ ಪ್ರತಿಸ್ಪರ್ಧಿಗಳ ಕ್ಯಾಮೆರಾಗಳೂ ಇವೆ. ಹಾಗಾಗಿ ಕಾರುಗಳು ಕುವೈತಿಗೆ ಬಂದವು. ಮೊದಲೆಲ್ಲ ಒಂದು ಮಾದರಿಗೆ ಎರಡು ಬೇಸಿಗೆ ಕೊಡುತ್ತಿದ್ದರು. ಈಗ ಆರು ವಾರ.

ಆ ಕಾರುಗಳ ಪರದೆಯ ಮೇಲಿನ ಬರಹವೆಲ್ಲ ಚೀನೀ ಭಾಷೆಯಲ್ಲಿತ್ತು. ಡೋಲ್ಫಿಗೆ ಅದನ್ನು ಕಲಿಸಿದವಳು ಚಿತ್ರಾ. ಮದ್ದೂರಿನ ಹುಡುಗಿ, ಬ್ಯಾಟರಿ ಇಂಜಿನಿಯರ್, ವಯಸ್ಸು ಮೂವತ್ತೆರಡು. ಬ್ಯಾಂಕಿನಲ್ಲಿರುವ ಗಂಡ ವಿವೇಕನೊಂದಿಗೆ ಮೈದಾನ್ ಹವಲ್ಲಿಯಲ್ಲಿ ವಾಸ. ಪರೀಕ್ಷೆಯ ಓಟದಲ್ಲಿ ಅವಳು ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಾಲ ಬುಡದಲ್ಲಿ ತಂತಿಗಳ ರಾಶಿ ಹಾಕಿಕೊಂಡು ಕೂರುತ್ತಿದ್ದಳು. ಪರದೆಯ ಅಂಚಿಗೆ ಕನ್ನಡದ ಚೀಟಿ ಅಂಟಿಸಿದ್ದಳು: ಏಸಿ, ಕಿಟಕಿ, ಹೀಟರ್.

"ಡೋಲ್ಫಿ ಅಂಕಲ್, ಈ ಗಾಡೀಲಿ ಗೇರಿಲ್ಲ, ಸೌಂಡಿಲ್ಲ. ನಿಮ್ಗೆ ನಿದ್ದೆ ಬರಲ್ವಾ?"

"ಬರ್ತದೆ ಮೇಡಂ. ಆದ್ರೆ ನೀವು ಹಿಂದೆ ಕೂತು ವಿವೇಕ್ ಸರ್‌ಗೆ ಫೋನಲ್ಲಿ ಜೋರು ಮಾಡ್ತೀರಲ್ಲ, ಎಚ್ಚರ ಆಗ್ತದೆ."

"ಅದು ಜೋರಲ್ಲ ಕಣ್ರೀ. ನಮ್ಮೂರ್ ಕಡೆ ಅದೇ ಮಾತು."

ಅವಳು ಒಂದು ಸಂಗತಿಯನ್ನು ಮಾತ್ರ ಮತ್ತೆ ಮತ್ತೆ ಹೇಳಿದ್ದಳು. ಪರದೆಯ ಎಡಮೂಲೆಯಲ್ಲಿ ಹಳದಿ ಆಮೆಯ ಚಿತ್ರ ಬಂದರೆ, ಬ್ಯಾಟರಿ ಕಾದು ತಾನೇ ತನ್ನ ಶಕ್ತಿಯನ್ನು ಇಳಿಸುತ್ತಿದೆ ಎಂದು ಅರ್ಥ. "ಆಮೆ ಬಂದ್ರೆ ಸೈಡಿಗೆ ಹಾಕಿ, ನಂಗೆ ಹೇಳಿ. ಬೇರೆ ಏನೂ ಮುಟ್ಬೇಡಿ."

ಗಲ್ಫಿನ ಹಳೆಯ ಚಾಲಕರಿಗೆ ಒಂದು ಉಪಾಯ ಗೊತ್ತು. ಮರಳುಗಾಡಿನ ನಡುವೆ ಇಂಜಿನ್ ಕಾದು ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಗಾಡಿ ನಿಲ್ಲಿಸಬಾರದು. ಏಸಿ ಬಂದ್ ಮಾಡಬೇಕು, ಕಿಟಕಿಗಳನ್ನು ಇಳಿಸಬೇಕು, ಹೀಟರನ್ನು ಪೂರ್ತಿ ಹಾಕಬೇಕು. ಇಂಜಿನ್ನಿನ ಬಿಸಿನೀರು ಹೀಟರಿನ ಮೂಲಕ ಹರಿದು ಬಿಸಿ ಒಳಗೆ ಬರುತ್ತದೆ. ಚಾಲಕ ಬೇಯುತ್ತಾನೆ, ಇಂಜಿನ್ ಉಳಿಯುತ್ತದೆ. ಡೋಲ್ಫಿ ಹೀಗೆ ಎಷ್ಟೋ ಟ್ಯಾಂಕರುಗಳನ್ನು ಉಳಿಸಿದ್ದ. ಬ್ಯಾಟರಿ ಕಾರಿನಲ್ಲಿ ಇದು ತಲೆಕೆಳಗು. ಅಲ್ಲಿ ಹೀಟರು ಬ್ಯಾಟರಿಯನ್ನೇ ತಿನ್ನುತ್ತದೆ. ಆ ಕಾರಿನಲ್ಲಿ ಬ್ಯಾಟರಿಯನ್ನು ತಂಪಾಗಿಡುತ್ತಿದ್ದುದು ಏಸಿ ತಣಿಸಿ ಪಂಪು ಹರಿಸುವ ನೀರು. ಇದನ್ನು ಅವನಿಗೆ ಯಾರೂ ವಿವರಿಸಿರಲಿಲ್ಲ. ಮುಟ್ಟಬೇಡಿ ಎಂದಿದ್ದರು ಅಷ್ಟೆ.

ಜೂನ್ ಕೊನೆಯ ವಾರದಲ್ಲಿ ಒಂದು ದಿನ ಸಾಲ್ಮಿ ರಸ್ತೆಯಲ್ಲಿ ಐವತ್ತೊಂದು ಡಿಗ್ರಿ ಇತ್ತು. ನಿಯಮದ ಪ್ರಕಾರ ಪರೀಕ್ಷೆಯ ಕಾರಿನ ಹಿಂದೆ ಇನ್ನೊಂದು ಗಾಡಿ ಬರಬೇಕು. ಆ ದಿನ ಅದು ಬರಲಿಲ್ಲ. ಕಂಪನಿಯಿಂದ ಬರುತ್ತಿದ್ದ ಅತಿಥಿಗಳನ್ನು ಕರೆತರಲು ಅದನ್ನು ವಿಮಾನ ನಿಲ್ದಾಣಕ್ಕೆ ಕಳಿಸಿದ್ದರು. ಚಿತ್ರಾ ಫೋನಿನಲ್ಲಿ ಶೆಡ್ಡಿನವರೊಂದಿಗೆ ಮಾತಾಡುತ್ತಿದ್ದಳು. "ಪಂಪ್ ಓಡ್ತಿದೆ ಅಂತ ತೋರಿಸ್ತಿದೆ, ಬ್ಯಾಟರಿ ಕಡೆ ನೀರೇ ಹರೀತಿಲ್ಲ. ಮೂರ್ ದಿನದಿಂದ ಹೇಳ್ತಿದೀನಿ. ಮೇಲ್ ಹಾಕು ಅನ್ಬೇಡಿ, ಹಾಕಿದೀನಿ."

ಎರಡು ಗಂಟೆ ಹತ್ತು ನಿಮಿಷಕ್ಕೆ ಆಮೆ ಬಂತು.

"ಮೇಡಂ, ಆಮೆ."

"ಒಂದ್ನಿಮಿಷ ಅಂಕಲ್," ಎಂದು ಅವಳು ಕೈ ಎತ್ತಿದಳು.

ಕಾರಿನ ವೇಗ ಇಳಿಯಿತು. ಆ ಒಂದು ನಿಮಿಷದಲ್ಲಿ ಡೋಲ್ಫಿಯ ಕೈ ಮೂವತ್ತು ವರ್ಷ ಮಾಡಿದ್ದನ್ನು ಮಾಡಿತು. ಏಸಿ ಬಂದ್, ಕಿಟಕಿ ಕೆಳಗೆ, ಹೀಟರ್ ಪೂರ್ತಿ. ಕನ್ನಡದ ಚೀಟಿಗಳಿದ್ದುದರಿಂದ ಹುಡುಕಬೇಕಾಗಲಿಲ್ಲ. ಕುಲುಮೆಯ ಗಾಳಿ ಒಳಗೆ ನುಗ್ಗಿದಾಗ ಚಿತ್ರಾ ಫೋನ್ ಕೆಳಗಿಟ್ಟಳು.

"ಏನ್ಮಾಡ್ತಿದೀರಾ. ಆಫ್ ಮಾಡ್ರೀ ಅದನ್ನ."

ಅವನು ಆಫ್ ಮಾಡಿದ. ಮತ್ತೆರಡು ನಿಮಿಷದಲ್ಲಿ ಕಾರು ತಾನಾಗಿಯೇ ಸತ್ತಿತು. ಏಸಿ ಮತ್ತೆ ಬರಲಿಲ್ಲ. ಸೀಟಿನ ಅಡಿಯಿಂದ ಸಣ್ಣ ಸದ್ದು, ಅದರ ಹಿಂದೆಯೇ ಸಿಹಿಯಾದ ಕಟುವಾಸನೆ. ಚಿತ್ರಾಗೆ ಆ ವಾಸನೆ ಏನೆಂದು ಗೊತ್ತಿತ್ತು. ಲ್ಯಾಪ್‌ಟಾಪಿನ ತಂತಿ ಬಿಡಿಸುವಷ್ಟೂ ನಿಲ್ಲದೆ ಇಬ್ಬರೂ ಇಳಿದು ನೂರು ಹೆಜ್ಜೆ ದೂರ ಓಡಿದರು. ಕಾರು ಹೊಗೆಯಾಡಿ ಹತ್ತಿಕೊಂಡಿತು. ಆ ಬಯಲಿನಲ್ಲಿ ನೆರಳು ಕೊಡುವಂಥದ್ದು ಇದ್ದರೆ ಆ ಕಾರೊಂದೇ.

ಡೋಲ್ಫಿ ತನ್ನ ಫೋನಿನಿಂದ ಕರೆದಾಗ ಶೆಡ್ಡಿನವರು ಗಾಡಿ ಬರಲು ಒಂದು ಗಂಟೆ ಬೇಕು ಎಂದರು. ಡೋಲ್ಫಿಯ ಕೈಯಲ್ಲಿ ಒಂದು ಬಾಟಲಿ ನೀರಿತ್ತು, ಅದನ್ನು ಅವಳಿಗೆ ಕುಡಿಸಿದ. ಅಂಗಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದ. ಅರ್ಧ ಗಂಟೆಯ ಹೊತ್ತಿಗೆ ಅವಳು ಬೆವರುವುದನ್ನು ನಿಲ್ಲಿಸಿದಳು, ಆಮೇಲೆ ಮಾತಾಡುವುದನ್ನು. ಕುರಿ ಸಾಗಿಸುವ ಲಾರಿಯವನೊಬ್ಬ ನಿಲ್ಲಿಸಿ ಜಹ್ರಾದ ಆಸ್ಪತ್ರೆಗೆ ತಲುಪಿಸಿದ. ಡೋಲ್ಫಿ ಬಿಸಿಲಿಗೆ ಹಳಬ. ಅವನಿಗೆ ಬೆನ್ನು ಸುಟ್ಟದ್ದು ಬಿಟ್ಟರೆ ಏನೂ ಆಗಲಿಲ್ಲ.

ಮರುದಿನ ಚಿತ್ರಾಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ ಎಂದು ವೈದ್ಯರು ವಿವೇಕನಿಗೆ ಹೇಳುವುದನ್ನು ಕೇಳಿಸಿಕೊಂಡು ಡೋಲ್ಫಿ ನೇರವಾಗಿ ಶೆಡ್ಡಿಗೆ ಹೋದ. ಮೇಲ್ವಿಚಾರಕ ಸಿರಾಜುದ್ದೀನ್ ಉಳ್ಳಾಲದವನು, ಹತ್ತು ವರ್ಷದ ಪರಿಚಯ.

"ಕೂತ್ಕೊಳ್ಳಿ ಡೋಲ್ಫಿ ಭಾಯಿ. ಎಂತ ಆಯ್ತು ಅಂತ ಕಂಪನಿಯವರಿಗೆ ಬರ್ದು ಕೊಡ್ಲಿಕ್ಕುಂಟು."

"ಬರೀರಿ. ನಾನು ಏಸಿ ಬಂದ್ ಮಾಡಿ ಹೀಟರ್ ಹಾಕಿದೆ. ಗಾಡಿ ಸತ್ತಿತು."

"ಅದಕ್ಕೆ ಮೊದ್ಲು ಎಂತಾದ್ರೂ ಲೈಟು ಬಂತಾ?"

"ಅದೆಲ್ಲ ಎಂತಕ್ಕೆ? ತಪ್ಪು ನನ್ನದು."

"ಅಲ್ಲ, ಒಂದು ಕೇಳುದು."

"ನನ್ನದು ಅಂತ ಹೇಳಿದೆನಲ್ಲ ಸಿರಾಜ್ ಭಾಯಿ. ಬೇರೆಯವರ ಸುದ್ದಿ ಬೇಡ."

ಸಿರಾಜುದ್ದೀನ್ ಮತ್ತೆ ಕೇಳಲಿಲ್ಲ. ಹಿಂದೆ ಬರಬೇಕಾಗಿದ್ದ ಗಾಡಿಯ ವಿಷಯವನ್ನಂತೂ ಎತ್ತಲೇ ಇಲ್ಲ, ಅದನ್ನು ವಿಮಾನ ನಿಲ್ದಾಣಕ್ಕೆ ಕಳಿಸಿದವನು ಅವನೇ. ಇಂಗ್ಲಿಷಿನಲ್ಲಿ ಬರೆದು ಓದಿ ಹೇಳಿದ, ಡೋಲ್ಫಿ ಸಹಿ ಮಾಡಿದ.

ಇದನ್ನು ಒಳ್ಳೆಯತನ ಎಂದು ಕರೆಯುವವರಿದ್ದಾರೆ. ನಾನು ಕರೆಯುವುದಿಲ್ಲ. ಚರ್ಚಿನ ಪಾಪನಿವೇದನೆಯಲ್ಲಿ ನಿನ್ನ ಪಾಪವನ್ನು ಮಾತ್ರ ಹೇಳು, ಇತರರದನ್ನು ಹೇಳಬೇಡ, ನೆಪ ಹೇಳಬೇಡ ಎಂದು ಡೋಲ್ಫಿಗೆ ಏಳನೆಯ ವಯಸ್ಸಿನಲ್ಲಿ ಕಲಿಸಿದ್ದರು. ಅವನು ಸಾಕ್ಷಿ ಹೇಳಬೇಕಾದ ಕಡೆ ಪಾಪನಿವೇದನೆ ಮಾಡಿದ. ಎರಡೂ ಬೇರೆ ಕೆಲಸಗಳು. ಹೀಟರು ಮೊದಲಾದರೆ ತಪ್ಪು ಚಾಲಕನದು, ಕಾರು ಸರಿಯಿದೆ, ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಹೋಗಬಹುದು. ಆಮೆ ಮೊದಲಾದರೆ ತಂಪಿನ ವ್ಯವಸ್ಥೆಯೇ ಕೆಟ್ಟಿದೆ, ಕಾರನ್ನು ತಡೆಯಬೇಕು. ಲ್ಯಾಪ್‌ಟಾಪ್ ಸುಟ್ಟುಹೋಗಿತ್ತು. ಕಾರಿನಿಂದ ನೇರವಾಗಿ ಕಂಪನಿಗೆ ತಲುಪಿದ ಅಂಕಿಗಳೇನಾದರೂ ಇದ್ದರೆ ಅವನ್ನು ಕಂಪನಿ ಯಾರಿಗೂ ತೋರಿಸಲಿಲ್ಲ. ಯಾವುದು ಮೊದಲು ಎನ್ನುವುದಕ್ಕೆ ಉಳಿದ ಸಾಕ್ಷಿ ಡೋಲ್ಫಿ ಕಂಡದ್ದು ಮಾತ್ರ.

ಒಂಬತ್ತನೆಯ ದಿನ ಚಿತ್ರಾ ಅವನನ್ನು ಕರೆಸಿದಳು. ಮಾತು ನಿಧಾನವಾಗಿತ್ತು, ಒಂದೊಂದು ಶಬ್ದವನ್ನೂ ಹುಡುಕಿ ತೆಗೆಯುತ್ತಿದ್ದಳು. ವಿವೇಕ ಹಾಸಿಗೆಯ ಆಚೆ ಕೂತಿದ್ದ.

"ಆಮೆ ಎಷ್ಟೊತ್ತಿಗೆ ಬಂತು?"

"ಎರಡು ಹತ್ತು."

"ಹೀಟರ್?"

"ಅದರ ಮೇಲೆ. ಅರ್ಧ ನಿಮಿಷ."

"ಬರ್ದು ಕೊಟ್ರಾ?"

"ಹೀಟರ್ ನಾನು ಹಾಕಿದ್ದು ಅಂತ ಕೊಟ್ಟೆ. ಕ್ಷಮಿಸ್ಬೇಕು ಮೇಡಂ."

"ಆಮೆ?"

"ಅದು ಬರೀಲಿಲ್ಲ."

ಅವಳು ಮುಖವನ್ನು ಅವನ ಕಡೆ ಹೊರಳಿಸಿದಳು. "ನಿಮ್ ಕ್ಷಮೆ ಇಟ್ಕೊಂಡು ನಾನೇನ್ಮಾಡ್ಲಿ ಅಂಕಲ್. ಪಂಪ್ ಕೆಟ್ಟಿದ್ದು ಕಂಡಿದ್ದು ನಾನೊಬ್ಳು. ನಾನ್ ಮೇಲ್ ತೋರ್ಸಿ ಹೇಳಿದ್ರೂ ಬಿಸ್ಲು ತಲೆಗೇರಿದವಳು ಅಂತಾರೆ. ಆಮೆ ಕಂಡಿದ್ದು ನೀವೊಬ್ರು. ನೀವ್ ಅದನ್ನ ನುಂಗ್ಬಿಟ್ರಿ."

"ನೆಪ ಹೇಳಿದ ಹಾಗೆ ಆಗ್ತದೆ ಅಂತ."

"ಅದು ನೆಪ ಅಲ್ಲ ಕಣ್ರೀ. ಅದು ಟೈಮು."

ಡೋಲ್ಫಿಯ ಹೆಂಡತಿ ಮಗ್ದಲೀನ್ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಆಯಾ. ಆ ಸಂಜೆ ಅವನು ಇನ್ನೊಂದು ಹೇಳಿಕೆ ಕೊಡುತ್ತೇನೆಂದಾಗ ಅವಳು ಅಡುಗೆ ನಿಲ್ಲಿಸಿ ಹೊರಗೆ ಬಂದಳು. ಮನೆಯ ಮಾತು ಕೊಂಕಣಿಯಲ್ಲಿ. ಮೊದಲ ಹೇಳಿಕೆಗೆ ಪ್ರತಿಯಾಗಿ ಸಂಸ್ಥೆ ಅವನನ್ನು ಇಕಾಮಾ, ಅಂದರೆ ಅಲ್ಲಿನ ವಾಸದ ಪರವಾನಗಿ, ಮುಗಿಯುವವರೆಗೆ ಕಾರು ತೊಳೆಯಲು ಇಟ್ಟುಕೊಳ್ಳುವುದಾಗಿ ಒಪ್ಪಿತ್ತು.

"ನಿಮ್ಮ ಮಾತು ತೆಗೆದುಕೊಂಡು ಚೀನಾದವರು ನಿಮಗೆ ಹಾರ ಹಾಕ್ತಾರಾ?" ಎಂದಳು ಮಗ್ದಲೀನ್.

"ಇಲ್ಲ."

"ಹಾಗಾದರೆ?"

"ಆಮೆ ಮೊದಲು ಬಂದದ್ದು ಹೌದು."

"ಅದನ್ನು ಅವತ್ತೇ ಹೇಳಲಿಕ್ಕೆ ನಿಮ್ಮ ಬಾಯಿಗೆ ಎಂತ ಆಗಿತ್ತು?"

ಅವನು ಬರೆಯಲು ಹಾಳೆ ಎಳೆದುಕೊಂಡ. ಅವಳು ಮತ್ತೆ ಒಳಗೆ ಹೋದಳು, ಬೇಡ ಎನ್ನಲಿಲ್ಲ.

ಡೋಲ್ಫಿ ಕನ್ನಡದಲ್ಲಿ ಒಂದೂವರೆ ಪುಟ ಬರೆದ. ಓಟ ಶುರುವಾದ ಹೊತ್ತು, ಆಮೆ ಬಂದ ಹೊತ್ತು, ಹೀಟರ್ ಹಾಕಿದ ಹೊತ್ತು, ಹಿಂದೆ ಗಾಡಿ ಇರಲಿಲ್ಲ ಎನ್ನುವುದು. ತನ್ನ ತಪ್ಪನ್ನೂ ಬಿಡಲಿಲ್ಲ. ವಿವೇಕ ಅದನ್ನು ಇಂಗ್ಲಿಷಿಗೆ ತಂದ. ಬರೆದದ್ದು ಸ್ಪಷ್ಟವಾಗಿತ್ತು. ಅವನಿಗಿಂತ ಎಷ್ಟೋ ಹೆಚ್ಚು ಓದಿದವರು ಬರೆಯುವ ವರದಿಗಳಿಗಿಂತ ಸ್ಪಷ್ಟವಾಗಿತ್ತು.

ಸಿರಾಜುದ್ದೀನ್ ಅದನ್ನು ಓದಿ ಮೇಜಿನ ಮೇಲಿಟ್ಟ. "ಇದು ಯಾಕೆ ಬೇಕಿತ್ತು ಡೋಲ್ಫಿ ಭಾಯಿ? ಖಲಾಸ್ ಆದದ್ದಲ್ವಾ?"

"ಕಳಿಸಿ."

"ಕಳಿಸ್ತೇನೆ. ನನಗೂ ಪೆಟ್ಟು ಉಂಟು ಇದರಲ್ಲಿ, ಗೊತ್ತುಂಟಲ್ಲ? ಆದ್ರೂ ಕಳಿಸ್ತೇನೆ. ಆದ್ರೆ ಒಂದು ಕೇಳಿ. ಅವತ್ತು ನಾನು ಕೇಳಿದೆ, ಲೈಟು ಬಂತಾ ಅಂತ. ನೀವು ಹೇಳಿದ್ರೆ ನಾನು ಬರೀಬೇಕಿತ್ತು. ನೀವು ಹೇಳ್ಲಿಲ್ಲ."

"ಹೌದು."

"ಇನ್ನು ಅವರು ಯಾವುದನ್ನು ನಂಬುದು?"

ಉತ್ತರ ಇಪ್ಪತ್ತು ದಿನಗಳ ನಂತರ ಬಂತು, ನಾಲ್ಕು ಸಾಲು. ಚಾಲಕ ಒಂದೇ ಘಟನೆಗೆ ಎರಡು ಭಿನ್ನ ಹೇಳಿಕೆ ನೀಡಿದ್ದಾನೆ. ಎರಡನೆಯದು ಗಾಯಗೊಂಡ ಉದ್ಯೋಗಿಯನ್ನು ಭೇಟಿಯಾದ ನಂತರದ್ದು. ಘಟನೆಯ ಮರುದಿನವೇ, ಯಾರ ಒತ್ತಾಯವೂ ಇಲ್ಲದೆ ಕೊಟ್ಟ ಮೊದಲ ಹೇಳಿಕೆಯನ್ನು ಸ್ವೀಕರಿಸಲಾಗಿದೆ. ವಿಷಯ ಮುಗಿದಿದೆ.

ಆ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಅದಕ್ಕೆ ಅಗತ್ಯವಿದ್ದುದನ್ನು ಡೋಲ್ಫಿಯೇ ಮೊದಲ ದಿನ ಸಹಿ ಹಾಕಿ ಒದಗಿಸಿದ್ದ. ಸಂಸ್ಥೆ ಅವನ ಇಕಾಮಾ ರದ್ದು ಮಾಡಿತು. ಆಗಸ್ಟಿನಲ್ಲಿ ಅವನು ಒಬ್ಬನೇ ಊರಿಗೆ ಹೋದ. ಮಗ್ದಲೀನ್ ಜಹ್ರಾದಲ್ಲಿ ಇನ್ನಿಬ್ಬರು ಆಯಾಗಳೊಂದಿಗೆ ಒಂದು ಕೋಣೆಗೆ ಹೋದಳು. ಚಿತ್ರಾ ಕೆಲಸಕ್ಕೆ ಮರಳಲಿಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತದೆ. ತಾನು ಮೊದಲೇ ಕಳಿಸಿದ್ದ ಮೇಲ್‌ಗಳನ್ನು ಅವಳು ಕಂಪನಿಗೆ ಮೂರು ಸಲ ಕಳಿಸಿದಳು. ಮೂರು ಸಲವೂ ತಲುಪಿದೆ ಎಂಬ ಉತ್ತರ ಬಂತು.

ಫೆಬ್ರವರಿಯಲ್ಲಿ ಅವಳು ಕಿನ್ನಿಗೋಳಿಗೆ ಫೋನ್ ಮಾಡಿದಳು.

"ಗಾಡಿ ಮಾರ್ಕೆಟ್ಟಿಗೆ ಬಂದು ಐದು ತಿಂಗಳಾಯ್ತು ಅಂಕಲ್. ಚೆನ್ನಾಗಿ ಹೋಗ್ತಿದೆಯಂತೆ."

"ಅದೇ ಪಂಪಾ?"

"ಅದೇ."

"ಎಷ್ಟು ಗಾಡಿ?"

"ನಲವತ್ತು ಸಾವಿರದ ಮೇಲೆ."

ಡೋಲ್ಫಿ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದ. 

"ಮೇಡಂ," ಎಂದ ಅವನು. "ಅಲ್ಲಿ ಬೇಸಿಗೆ ಶುರು ಆಗುದು ಯಾವಾಗ?"

"ಜೂನ್," ಎಂದಳು ಚಿತ್ರಾ.